ಪೊದೆ ತುಂಬಿರೋ ಕ್ಯಾನ್ಯನ್‌ನಲ್ಲಿ ಹಗ್ಗ ಹಾಕ್ಕೊಂಡು ಇಳಿಯೋದು, ಸ್ಯಾನ್ ಗೇಬ್ರಿಯಲ್ ಬೆಟ್ಟ, ಯಾರಾದ್ರೂ ಮಾಡಿದೀರಾ?

ಇಳಿಜಾರು_ಇರ್ವೈನ್:

ಎಲ್ರಿಗೂ ನಮಸ್ಕಾರ. ನಾವು ನಾಲ್ಕು ಜನ ಇರ್ವೈನ್ ಕಡೆ ಇರೋರು, ನಾನು, ನನ್ನ ಬಾವಮೈದ, ಇಬ್ರು ಆಫೀಸ್ ಫ್ರೆಂಡ್ಸು. ಲಾಸ್ ಏಂಜಲೀಸ್ ಮೇಲ್ಗಡೆ ಇರೋ ಸ್ಯಾನ್ ಗೇಬ್ರಿಯಲ್ ಬೆಟ್ಟದಲ್ಲಿ ಒಂದು ಕ್ಯಾನ್ಯನ್ (ಕಡಿದಾದ ಕಣಿವೆ) ಮೇಲಿಂದ ಕೆಳಗೆ ಇಳೀಬೇಕು ಅಂತ ಪ್ಲಾನ್. ಮೊದ್ಲು ರುಬಿಯೋ ಕ್ಯಾನ್ಯನ್ ಅಂದ್ಕೊಂಡಿದ್ವಿ, ಆಮೇಲೆ ಮ್ಯಾಪಲ್ಲಿ ಇನ್ನೊಂದು ಸಣ್ಣ ಕವಲು ಕಾಣಿಸ್ತು, ಅದಕ್ಕೆ ಹೆಸರೂ ಇಲ್ಲ, ಯಾರೂ ಹೋಗಿರೋ ಹಾಗೂ ಇಲ್ಲ, ಸ್ಯಾಟಲೈಟಲ್ಲಿ ನೋಡಿದ್ರೆ ಬರೀ ಹಸಿರು ಕಂಬಳಿ ಹೊದಿಸಿದ ಹಾಗಿದೆ. ಟ್ರೇಲ್‌ನಿಂದ ಕ್ಯಾನ್ಯನ್ ತಳಕ್ಕೆ ಅರ್ಧ ಮೈಲಿ, ಆಮೇಲೆ ಎರಡೋ ಮೂರೋ ಡ್ರಾಪ್, ಅಂದ್ರೆ ಹಗ್ಗದಲ್ಲೇ ಇಳೀಬೇಕಾದ ಕಡಿದಾದ ಬಂಡೆ, ಇರಬಹುದು.

ನಾನು, ಬಾವಮೈದ ಇಬ್ರೂ ರಾಮನಗರದಲ್ಲಿ ನಾಲ್ಕೈದು ಸಲ ರಾಪೆಲಿಂಗ್ (ಹಗ್ಗದಲ್ಲಿ ಇಳಿಯೋದು) ಮಾಡಿದೀವಿ, ಉಳಿದಿಬ್ರು ಜಿಮ್ಮಲ್ಲಿ ಕ್ಲೈಂಬಿಂಗ್ ಮಾಡ್ತಾರೆ. 200 ಅಡಿ ಹಗ್ಗ ಒಂದಿದೆ, ಹಾರ್ನೆಸ್ ಎಲ್ರಿಗೂ ಇದೆ. ಥ್ಯಾಂಕ್ಸ್‌ಗಿವಿಂಗ್ ರಜಾದಲ್ಲಿ ಹೋಗೋಣ ಅಂತ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ರೆ ಸಾಯಂಕಾಲ ಕಾಫಿಗೆ ವಾಪಸ್ ಬರಬಹುದಾ? ಪೊದೆ ಕಡಿಯೋಕೆ ಊರಿಂದ ತಂದಿರೋ ಮಚ್ಚು ಒಂದಿದೆ, ತರಲಾ 😀


ಮಲ್ನಾಡ್_ಇಂಬಳ:

ಮಚ್ಚು ಮನೇಲೇ ಇರ್ಲಿ ಮಾರಾಯ್ರೆ, ಅದು ನ್ಯಾಷನಲ್ ಫಾರೆಸ್ಟು, ಗಿಡ ಕಡಿದು ದಾರಿ ಮಾಡೋ ಹಾಗಿಲ್ಲ. ಕಡಿದ್ರೂ ಮುಗಿಯೋ ಪೊದೆ ಅಲ್ಲ ಅದು ಅನ್ನೋದು ಬೇರೆ ವಿಷ್ಯ.

ರುಬಿಯೋ ನಾನು ಇಳಿದಿದೀನಿ, 2019ರ ಮೇ ತಿಂಗಳಲ್ಲಿ, ಚೆನ್ನಾಗಿ ಗೊತ್ತಿರೋ ಐದು ಜನರ ಜೊತೆ. ಆಲ್ಟಡೀನಾದಲ್ಲಿ ಕಾಬ್ ಎಸ್ಟೇಟ್ ಗೇಟಿಂದ ಸ್ಯಾಮ್ ಮೆರಿಲ್ ಟ್ರೇಲ್ ಹತ್ತಿ ಎಕೋ ಮೌಂಟನ್‌ವರೆಗೆ ಹೋಗಿ, ಸುಮಾರು 1400 ಅಡಿ ಏರು, ಅಲ್ಲಿ ಹಳೇ ಹೋಟ್ಲಿನ ಅಡಿಪಾಯ, ಕೇಬಲ್ ಎಳೀತಿದ್ದ ದೊಡ್ಡ ಚಕ್ರ ಎಲ್ಲ ಇನ್ನೂ ಬಿದ್ದಿತ್ತು. 1893ರಲ್ಲಿ ಶುರುವಾದ ಮೌಂಟ್ ಲೋ ರೈಲ್ವೆ ಅಂತ, ಜನ ರುಬಿಯೋ ಕ್ಯಾನ್ಯನ್ ಒಳಗಿಂದ ಕಡಿದಾದ ಇಳಿಜಾರಲ್ಲಿ ಕೇಬಲ್ ಕಾರ್ ಹತ್ತಿ ಈ ಬೆಟ್ಟಕ್ಕೆ ಬರ್ತಿದ್ರಂತೆ, ಕ್ಯಾನ್ಯನ್ ಒಳಗಿನ ಜಲಪಾತ ನೋಡೋಕೆ ಆಗ ಮರದ ಮೆಟ್ಟಿಲು ಇತ್ತು. ಸೂಟು ಟೋಪಿ ಹಾಕ್ಕೊಂಡು ಮೆಟ್ಟಿಲು ಹತ್ತಿ ನೋಡ್ತಿದ್ದ ಜಾಗಕ್ಕೆ ನಾವು ಹೆಲ್ಮೆಟ್ ಹಾಕ್ಕೊಂಡು ಹಗ್ಗದಲ್ಲಿ ನೇತಾಡ್ಕೊಂಡು ಬಂದ್ವಿ. ಅದ್ರಲ್ಲಿ ಥಾಲೆಹಾಹಾ ಅನ್ನೋ ಫಾಲ್ಸ್ 1998ರಲ್ಲಿ ಮೇಲ್ಗಡೆ ನಡೀತಿದ್ದ ಕೆಲಸದ ಕಲ್ಲು ಮಣ್ಣು ಬಿದ್ದು ಪೂರ್ತಿ ಮುಚ್ಚಿಹೋಗಿತ್ತು, ಆಮೇಲೆ ಕೆಲವು ವರ್ಷಕ್ಕೆ ಜೋರು ಮಳೆ ಬಂದು ಅದನ್ನೆಲ್ಲ ತೊಳ್ಕೊಂಡು ಹೋಯ್ತು. ಅಂದ್ರೆ ಈ ಬೆಟ್ಟ ಎಷ್ಟು ಸಡಿಲ ಅಂತ ನೋಡಿ. ಕೈ ಇಟ್ಟ ಕಲ್ಲು ಕೈಗೇ ಬರುತ್ತೆ, ರಾಮನಗರದ ಗ್ರಾನೈಟ್ ಲೆಕ್ಕ ಇಲ್ಲಿ ನಡೆಯಲ್ಲ.

ಆದ್ರೆ ಈಗ ರುಬಿಯೋ ಮರೆತುಬಿಡಿ. 2025ರ ಜನವರಿಯ ಈಟನ್ ಫೈರಲ್ಲಿ ಆ ಬೆಟ್ಟದ ಮುಖಾನೇ ಸುಟ್ಟುಹೋಯ್ತು, ಕೆಳಗೆ ಆಲ್ಟಡೀನಾದಲ್ಲಿ 9000ಕ್ಕೂ ಹೆಚ್ಚು ಕಟ್ಟಡ ಹೋದ್ವು, ನಮ್ಮ ಪರಿಚಯದವರ ಮನೇನೂ ಹೋಯ್ತು. ಸುಟ್ಟ ಬೆಟ್ಟದಲ್ಲಿ ಮಣ್ಣಿನ ಮೇಲೆ ಮೇಣದ ಥರ ಒಂದು ಪದರ ಕೂತ್ಕೊಳುತ್ತೆ, ನೀರು ಇಂಗಲ್ಲ, ಸಣ್ಣ ಮಳೆಗೂ ಕಲ್ಲು ಮಣ್ಣು ಬೂದಿ ಎಲ್ಲ ಸೇರಿ ಕ್ಯಾನ್ಯನ್ ಒಳಗೆ ನುಗ್ಗುತ್ತೆ. ನೀವು ನಿಂತಿರೋದು ಅದರ ಪೈಪ್ ಒಳಗೆ. ಯಾವ ಕ್ಯಾನ್ಯನ್ ಆದ್ರೂ ಹೋಗೋ ಮುಂಚೆ ಫಾರೆಸ್ಟ್‌ನೋರ ಕ್ಲೋಶರ್ ಆರ್ಡರ್ ಮ್ಯಾಪ್ (ಯಾವ ಜಾಗ ಮುಚ್ಚಿದೆ ಅಂತ ತೋರಿಸೋದು) ನೋಡ್ಲೇಬೇಕು, ಎರಡು ವರ್ಷದ ಹಿಂದಿನ ಟ್ರಿಪ್ ರಿಪೋರ್ಟ್ ನಂಬ್ಕೊಂಡು ಹೋಗೋದಲ್ಲ.

ಇನ್ನು ನಿಮ್ಮ ಹೆಸರಿಲ್ಲದ ಕವಲು. "ಎರಡೋ ಮೂರೋ ಡ್ರಾಪ್" ಅಂತ ಮ್ಯಾಪ್ ನೋಡಿ ಹೇಳಿದ್ರಲ್ಲ, ಆ ಮ್ಯಾಪಲ್ಲಿ ಎತ್ತರ ತೋರಿಸೋ ಗೆರೆ ಗೆರೆ ಮಧ್ಯೆ 40 ಅಡಿ. 35 ಅಡಿಯ ಬಂಡೆ ಎರಡು ಗೆರೆ ಮಧ್ಯೆ ಆರಾಮಾಗಿ ಬಚ್ಚಿಟ್ಕೊಳುತ್ತೆ. ನಿಮ್ಮ 200 ಅಡಿ ಹಗ್ಗ, ಇಳಿದ ಮೇಲೆ ಕೆಳಗಿಂದ ಎಳ್ಕೊಳ್ಳೋಕೆ ಆಗೋ ಹಾಗೆ ಡಬಲ್ ಮಾಡಿದ್ರೆ 100 ಅಡಿ ಅಷ್ಟೆ. 110 ಅಡಿಯ ಡ್ರಾಪ್ ಬಂದ್ರೆ ಏನು ಮಾಡ್ತೀರಿ? ಹಿಂದಿನ ಡ್ರಾಪಿನ ಹಗ್ಗ ಆಗ್ಲೇ ಎಳ್ಕೊಂಡಾಗಿದೆ. ರಾಮನಗರದಲ್ಲಿ ಮೇಲೆ ಒಬ್ಬ ಸಾರ್ ನಿಂತಿರ್ತಾರೆ, ಆಂಕರ್ (ಹಗ್ಗ ಕಟ್ಟೋ ಆಧಾರ) ಅವರೇ ಹಾಕಿರ್ತಾರೆ, ಬ್ಯಾಕಪ್ ಹಗ್ಗ ಅವರ ಕೈಯಲ್ಲಿರುತ್ತೆ, ಇಳಿದ ಮೇಲೆ ಬಂಡೆ ಹಿಂದಿನ ದಾರೀಲಿ ನಡ್ಕೊಂಡು ಬಂದು ಇನ್ನೊಂದ್ಸಲ ಇಳೀತೀರಿ. ಇಲ್ಲಿ ಮೊದಲನೇ ಡ್ರಾಪಲ್ಲಿ ಹಗ್ಗ ಎಳೆದ ಕ್ಷಣ ಮನೆಗೆ ಇರೋ ದಾರಿ ಕೆಳಗಡೆ ಮಾತ್ರ. ಅದಕ್ಕೆ ನಾನು ಜನಕ್ಕೆ ಕೇಳೋದು ಇಳಿಯೋಕೆ ಬರುತ್ತಾ ಅಂತ ಅಲ್ಲ, ಹಗ್ಗದ ಮೇಲೆ ವಾಪಸ್ ಹತ್ತೋಕೆ ಬರುತ್ತಾ ಅಂತ. ಪ್ರೂಸಿಕ್ ಗಂಟು (ಭಾರ ಬಿದ್ರೆ ಹಗ್ಗಕ್ಕೆ ಬಿಗಿಯಾಗಿ ಕಚ್ಕೊಳ್ಳೋ ಗಂಟು) ಹಾಕಿ 30 ಅಡಿ ಹತ್ತಿ ತೋರಿಸ್ಲಿ ನಿಮ್ಮ ನಾಲ್ಕೂ ಜನ, ಆಮೇಲೆ ಮಾತಾಡೋಣ.


ಕೇರುಕಾಯಿ:

ಹಗ್ಗದ ವಿಷ್ಯ ಅವರು ಹೇಳಿದಾರೆ, ನಾನು ಪೊದೆ ಬಗ್ಗೆ ಹೇಳ್ತೀನಿ ಯಾಕಂದ್ರೆ ಎಲ್ರೂ ರಾಪೆಲ್ ಫೋಟೋ ಹಾಕ್ತಾರೆ, ಪೊದೆ ಫೋಟೋ ಯಾರೂ ಹಾಕಲ್ಲ.

ನಾನು ಶಿರಸಿ ಕಡೆಯವಳು, ಲಂಟಾನ ಮಟ್ಟಿ ಒಳಗೆ ನುಗ್ಗಿ ಬೆಳೆದವಳು, ಇದೇನು ಮಹಾ ಅಂದ್ಕೊಂಡೇ ಹೋದೆ. ಇಲ್ಲಿಯ ಚಾಪರಲ್ ಅಂದ್ರೆ ಲಂಟಾನಕ್ಕೆ ಕಬ್ಬಿಣದ ಸರಳು ಹಾಕಿದ ಹಾಗೆ. ಚಮೀಸ್, ಮ್ಯಾಂಜನೀಟಾ, ಸ್ಕ್ರಬ್ ಓಕ್ ಅಂತ, ಎದೆಮಟ್ಟ, ಕೆಲವು ಕಡೆ ತಲೆಗಿಂತ ಎತ್ತರ, ಕೊಂಬೆ ಬಗ್ಗಲ್ಲ, ನೀವೇ ಬಗ್ಗಬೇಕು. ನಾವು ಅರ್ಧ ಮೈಲಿಗೆ ಎರಡೂವರೆ ಗಂಟೆ ತಗೊಂಡ್ವಿ, ಅದೂ ಇಳಿಜಾರಲ್ಲಿ! ಕೆಲವು ಕಡೆ ಕಾಲು ನೆಲಕ್ಕೇ ತಾಗ್ತಿರ್ಲಿಲ್ಲ, ಕೊಂಬೆ ಮೇಲೆ ಕೊಂಬೆ ತುಳ್ಕೊಂಡು ತೇಲಿದ ಹಾಗೆ ಹೋಗ್ತಿದ್ವಿ. ಇನ್ನೊಂದು ಗೊತ್ತಿರ್ಲಿ, ಇಳಿಜಾರಿನ ಪೊದೆ ಎಲ್ಲ ಕೆಳಮುಖವಾಗಿ ವಾಲಿರುತ್ತೆ. ಇಳಿಯುವಾಗ ಕೂದಲು ಬಾಚಿದ ದಿಕ್ಕಿಗೆ ಹೋದ ಹಾಗೆ, ಹೆಂಗೋ ಜಾರುತ್ತೆ. ಬೇಡಪ್ಪ ಅಂತ ವಾಪಸ್ ಹತ್ತೋಕೆ ಹೋದ್ರೆ ಅಷ್ಟೂ ಕೊಂಬೆ ಈಟಿ ಥರ ಎದುರಿಗೇ ನಿಂತಿರುತ್ತೆ. ಹಾಗಾಗಿ ಹಗ್ಗ ಎಳೆಯೋ ಮುಂಚೆ ವಾಪಸ್ ಬರಬಹುದು ಅನ್ನೋ ಲೆಕ್ಕಾನೂ ಪೂರ್ತಿ ನಿಜ ಅಲ್ಲ.

ಮಧ್ಯೆ ಮಧ್ಯೆ ಯಕ್ಕಾ ಇರುತ್ತೆ, ನಮ್ಮ ಕತ್ತಾಳೆ ಥರಾನೇ, ಮೊಣಕಾಲಿನ ಕೆಳಗೆ ಸರಿಯಾಗಿ ಚುಚ್ಚೋ ಎತ್ತರ. ದಪ್ಪ ಪ್ಯಾಂಟು, ಪೂರ್ತಿ ತೋಳು, ಚರ್ಮದ ಗ್ಲೌಸು, ಇದೆಲ್ಲ ಎಲ್ರೂ ಹೇಳ್ತಾರೆ. ಕಣ್ಣಿಗೆ ಸೇಫ್ಟಿ ಗ್ಲಾಸ್ ಹಾಕ್ಕೊಳ್ಳಿ ಅಂತ ಯಾರೂ ಹೇಳಲ್ಲ, ಮುಂದೆ ಹೋಗೋರು ಬಿಟ್ಟ ಕೊಂಬೆ ಚಟ್ ಅಂತ ಹಿಂದೆ ಬರೋರ ಮುಖಕ್ಕೇ ಬರೋದು.

ಕ್ಯಾನ್ಯನ್ ತಳಕ್ಕೆ ಬಂದ್ರೆ ನೆರಳು, ತೇವ, ಅಲ್ಲಿ ಪಾಯ್ಸನ್ ಓಕ್, ಮುಟ್ಟಿದ್ರೆ ಗುಳ್ಳೆ ಏಳಿಸೋ ಗಿಡ. ಮೂರು ಮೂರು ಎಲೆ, ಹೊಸ ಎಲೆಗೆ ಹೊಳಪು, ಬೇಸಿಗೆ ಕೊನೇಲಿ ಕೆಂಪು, ನೀವು ಹೋಗೋ ನವೆಂಬರ್ ಕೊನೇಲಿ ಎಲೆ ಉದುರಿ ಬರೀ ಕಡ್ಡಿ ನಿಂತಿರಬಹುದು, ಕಡ್ಡಿಯಲ್ಲೂ ಎಣ್ಣೆ ಇರುತ್ತೆ, ಅದೇ ಡೇಂಜರ್. ಮಲೆನಾಡಿನವರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ ಇದು ಕೇರು ಹತ್ತಿದ ಹಾಗೆ, ಹಿಂದೆ ದೋಬಿಗಳು ಬಟ್ಟೆಗೆ ಗುರುತು ಹಾಕ್ತಿದ್ರಲ್ಲ ಆ ಕಾಯಿ. ಕೇರು, ಗೋಡಂಬಿ, ಮಾವು, ಪಾಯ್ಸನ್ ಓಕ್ ಎಲ್ಲ ಒಂದೇ ಕುಟುಂಬ, ಮಾವಿನ ಸೊನೆ ತಾಗಿ ತುಟಿ ಬಾತುಕೊಳ್ಳೋರು ಇಲ್ಲಿ ಡಬಲ್ ಹುಷಾರಾಗಿರಿ. ಎಣ್ಣೆ ಹಗ್ಗಕ್ಕೆ, ಹಾರ್ನೆಸ್ಸಿಗೆ, ಶೂ ದಾರಕ್ಕೆ ಎಲ್ಲ ಹತ್ತುತ್ತೆ. ನನಗೆ ಏನೂ ಆಗ್ಲಿಲ್ಲ, ಆದ್ರೆ ಎರಡು ದಿನ ಬಿಟ್ಟು ನನ್ನ ಗಂಡನಿಗೆ ಕೈ ತುಂಬ ಗುಳ್ಳೆ, ಪಾಪ ಅವರು ಮನೇಲಿ ಕೂತು ನನ್ನ ಬಟ್ಟೆ ಮಡಚಿಟ್ಟಿದ್ರು ಅಷ್ಟೆ. ಇವತ್ತಿಗೂ ಹೇಳಿ ತೋರಿಸ್ತಾರೆ. ಬಂದ ತಕ್ಷಣ ಸೋಪು, ಒರಟು ಬಟ್ಟೆ ಹಾಕಿ ಚೆನ್ನಾಗಿ ಉಜ್ಜಿ ತೊಳೀಬೇಕು, ಬಟ್ಟೆ ಬೇರೆ ಚೀಲದಲ್ಲಿ.

ಹಳೇ ಸುಟ್ಟ ಜಾಗ ಆದ್ರೆ ಪೂಡಲ್ ಡಾಗ್ ಬುಷ್ ಅಂತ ಇನ್ನೊಂದಿದೆ, ನೇರಳೆ ಹೂವು, ನೋಡೋಕೆ ಬಲು ಚಂದ, ಮುಟ್ಟಿದ್ರೆ ಗುಳ್ಳೆ. 2009ರ ಸ್ಟೇಷನ್ ಫೈರ್ ಆದ ಮೇಲೆ ವರ್ಷಗಟ್ಟಲೆ ಟ್ರೇಲ್ ತುಂಬ ಅದೇ ಇತ್ತು. ಹಾಂ, ಇಂಬಳ ಇಲ್ಲ ಅಂತ ಖುಷಿ ಪಡಬೇಡಿ, ರಕ್ತ ಹೀರೋ ಉಣ್ಣೆ ಹುಳ (ಟಿಕ್) ಇದೆ.


ಮಲ್ನಾಡ್_ಇಂಬಳ:

ಇಂಬಳ ಇಲ್ಲ ಅಂದ್ರಲ್ಲ, ನಾನು ಇದೀನಲ್ಲ 😄


ಧಾರವಾಡ_ಪೇಡೆ:

ನೋಡ್ರಿ, ನಾ ಒಂದೆರಡು ಮಾತು ಹೇಳಿ ಹೋಗ್ತೀನಿ. ಪೊದಿಯೊಳಗ ಹಗ್ಗ ಒಗೀಬ್ಯಾಡ್ರಿ. ಸಿನಿಮಾದಾಗ ಒಗದಂಗ ಒಗದ್ರ ಅದು ಹತ್ತ ಅಡಿ ಕೆಳಗಿನ ಗಿಡದಾಗ ಸಿಕ್ಕೊಂಡು ಕೂಡ್ತದ, ಇಳಿಯಾಂವ ಅರ್ಧದಾಗ ನೇತಾಡಕೋತ ಅದನ್ನ ಬಿಡಿಸಬೇಕು. ಹಗ್ಗ ಚೀಲದಾಗ ತುಂಬಿ ಚೀಲ ನಡಕ್ಕ ಕಟಗೊಂಡು ಇಳೀರಿ, ಬೇಕಾದಷ್ಟ ಬಿಚ್ಚಿಕೋತ ಬರ್ತದ.

ಆಂಕರ್. ಇಂಥಾ ಕ್ಯಾನ್ಯನ್‌ನಾಗ ಬೋಲ್ಟ್ ಇರೂದಿಲ್ಲ, ಇದ್ರೂ ಕಲ್ಲು ಪುಡಿ ಐತಿ, ನಂಬಾಕ ಬರೂದಿಲ್ಲ. ಗಿಡಕ್ಕ ಕಟ್ಟಬೇಕು. ಐದ ಇಂಚ್ ದಪ್ಪ ಇರಬೇಕು, ಜೀವಂತ ಇರಬೇಕು, ಬೇರು ಗಟ್ಟಿ ಇರಬೇಕು, ಆಂಕರಿನ ನೈಲಾನ್ ಪಟ್ಟಿ ಬುಡಕ್ಕ ಸುತ್ತಬೇಕು, ನಡುವ ಅಲ್ಲ. ಯಾರೋ ಬಿಟ್ಟುಹೋದ ಹಳೇ ಪಟ್ಟಿ ಸಿಕ್ರ ಬಿಸಲಿಗೆ ಬೆಳ್ಳಗಾಗೇತೇನು, ಇಲಿ ಕಡದೈತೇನು ನೋಡ್ರಿ, ಸಂಶಯ ಬಂದ್ರ ಕತ್ತರಿಸಿ ಜೇಬಿನಾಗ ಹಾಕ್ಕೊಂಡು ಹೊಸಾದು ಕಟ್ರಿ. ಡ್ರಾಪ್ ಎಷ್ಟಂತ ಗೊತ್ತಿಲ್ಲಂದ್ರ 20 ಅಡಿಯ ಪಟ್ಟಿ ಒಂದ್ ನಾಕೈದು, ಪಟ್ಟಿಗೆ ಹಾಕಿ ಹಗ್ಗ ಪೋಣಿಸೂ ಕಬ್ಬಿಣದ ಲಿಂಕ್ ಒಂದ್ ಆರೇಳು ಒಯ್ಯಾಕ ಬೇಕು. ಎಲ್ಲಾ ಅಲ್ಲೇ ಬಿಟ್ಟ ಬರೂದು, ರೊಕ್ಕದ ಮುಖಾ ನೋಡಬ್ಯಾಡ್ರಿ.

ಆಮ್ಯಾಲ ಇನ್ನೊಂದು, ನಮ್ಮ ಗುಂಪಿನಾಗ ಆಗಿದ್ದು. ಕಡೀಕ ಇಳದಾಂವ ಬಂದಾ, ಹಗ್ಗ ಎಳದ್ವಿ, ಬರ್ಲಿಲ್ಲ. ಲಿಂಕ್ ಬಂಡಿ ಅಂಚಿನಿಂದ ಹಿಂದ ಐತಿ, ಹಗ್ಗ ಅಂಚಿಗೆ ಒತ್ತಕೊಂಡೈತಿ, ಮ್ಯಾಲ ಒಂದು ಓಕ್ ಗಿಡದ ಬೇರು ಬ್ಯಾರೆ. 40 ನಿಮಿಷ ನಾಕ್ ಮಂದಿ ಜಗ್ಗಿದ್ವಿ, ಹಗ್ಗಜಗ್ಗಾಟದ ಸ್ಪರ್ಧಾ ಇದ್ದಂಗ. ಅವತ್ತಿನಿಂದ ರೂಢಿ ಏನಂದ್ರ ಪಟ್ಟಿ ಉದ್ದ ಬಿಟ್ಟು ಲಿಂಕ್ ಅಂಚಿನ ಹೊರಗ ನೇತಾಡೂಹಂಗ ಇಡೂದು, ಮ್ಯಾಲ ಕಡೀ ಮನಷ್ಯಾ ಇನ್ನೂ ಇರೂವಾಗನ ಕೆಳಗಿನಾಂವ ಒಂದ್ ಎರಡ್ ಅಡಿ ಎಳದು ನೋಡೂದು. ಸರಳ ಬಂತೋ, ಅವಾಗ ಇಳಿ. ಇಲ್ಲೋ, ಮ್ಯಾಲಿನಾಂವ ಸರಿ ಮಾಡ್ಲಿ.

ಹಗ್ಗ ಒಂದ ಎಳಿಮ್ಯಾಲ ಇಳಿಯೂ ಪದ್ಧತಿ ಐತಿ, ಲಿಂಕಿಗೆ ಕ್ಯಾರಬೀನರ್ (ಬಾಯಿ ತಗದು ಮುಚ್ಚೂ ಲೋಹದ ಕೊಂಡಿ) ಅಡ್ಡ ಕೊಟ್ಟು. ಅದರಾಗ ಒಂದ ಎಳಿ ಅಷ್ಟ ಭಾರ ತಡೀತದ, ತಪ್ಪ ಎಳಿಗೆ ಹಾಕ್ಕೊಂಡ್ರ ಸೀದಾ ಕೆಳಗ. ನಮ್ಮ ದೋಸ್ತ ಒಬ್ಬಾಂವ ಹಾಕ್ಕೊಂಡಿದ್ದಾ, ಭಾರ ಹಾಕೂಕಿಂತ ಮದ್ಲ ಹಿಂದಿನಾಂವ ನೋಡಿ ಹಿಡದಾ. ಆ ದಿನಾ ಯಾರೂ ಹೆಚ್ಚ ಮಾತಾಡ್ಲಿಲ್ಲ.


ಇಳಿಜಾರು_ಇರ್ವೈನ್:

ಅಯ್ಯೋ, ಒಂದು ಪ್ರಶ್ನೆ ಕೇಳಿದ್ರೆ ಇಷ್ಟೊಂದು. ಥ್ಯಾಂಕ್ಸ್ ಎಲ್ರಿಗೂ. ಪ್ರೂಸಿಕ್ ಹಾಕಿ ಹತ್ತೋದು ನಮ್ಮಲ್ಲಿ ಯಾರಿಗೂ ಬರಲ್ಲ ನಿಜ ಹೇಳ್ಬೇಕು ಅಂದ್ರೆ. ಟೈಮ್ ಬಗ್ಗೆ ಯಾರೂ ಹೇಳ್ಲಿಲ್ಲ, ಹತ್ತು ಗಂಟೆಗೆ ಶುರು ಮಾಡಿದ್ರೆ?


ಮಲ್ನಾಡ್_ಇಂಬಳ:

ನವೆಂಬರ್ ಕೊನೇಲಿ ಲಾಸ್ ಏಂಜಲೀಸಲ್ಲಿ ಸೂರ್ಯ ಮುಳುಗೋದೇ ಸುಮಾರು 4:45ಕ್ಕೆ, ಕ್ಯಾನ್ಯನ್ ತಳದಲ್ಲಿ ಅದಕ್ಕಿಂತ ಎಷ್ಟೋ ಮುಂಚೆ ಕತ್ತಲಾಗುತ್ತೆ. ಹತ್ತಕ್ಕೆ ಶುರು, ಟ್ರೇಲ್ ಎರಡು ಗಂಟೆ, ಪೊದೆ ಎರಡೂವರೆ ಗಂಟೆ, ಅಂದ್ರೆ ಮೊದಲನೇ ಡ್ರಾಪ್ ಹತ್ರ ಬರೋವಾಗ್ಲೇ ಎರಡೂವರೆ. ನಾಲ್ಕು ಹೊಸಬರಿಗೆ ಒಂದೊಂದು ಡ್ರಾಪಿಗೆ 45 ನಿಮಿಷ ಇಡಿ. ನೀವೇ ಲೆಕ್ಕ ಹಾಕಿ, ಕಾಫಿ ಮಾರನೇ ದಿನದ್ದು. ಬೆಳಕು ಹರಿಯೋವಾಗ ಟ್ರೇಲ್‌ಹೆಡ್‌ನಲ್ಲಿರಬೇಕು, ಎಲ್ರ ಹತ್ರಾನೂ ಹೆಡ್‌ಲ್ಯಾಂಪ್, ಮನೇಲಿ ಒಬ್ರಿಗೆ ಇಷ್ಟು ಗಂಟೆಗೆ ಫೋನ್ ಬರ್ಲಿಲ್ಲ ಅಂದ್ರೆ 911ಗೆ ಹೇಳಿ ಅಂತ ಬರೆದಿಟ್ಟು ಹೋಗಬೇಕು. ಒಳಗೆ ಸಿಗ್ನಲ್ ಇರಲ್ಲ, ಸ್ಯಾಟಲೈಟ್ ಮೆಸೆಂಜರ್ ಇದ್ರೂ ಆಳದಲ್ಲಿ ಆಕಾಶ ಕಾಣೋದು ಒಂದು ಪಟ್ಟಿ ಅಷ್ಟೆ, ಮೆಸೇಜ್ ಹೋಗೋಕೆ ಬಹಳ ಹೊತ್ತು ಬೇಕು.

ಇಲ್ಲಿಯ ರೆಸ್ಕ್ಯೂ ಟೀಮ್‌ನೋರು ವಾಲಂಟಿಯರ್ಸು, ಸಿಯೆರಾ ಮಾದ್ರೆಯ ಟೀಮ್ 1951ರಿಂದ ಇದೆ, ದುಡ್ಡು ತಗೊಳಲ್ಲ. ಹಾಗಂತ ಹಬ್ಬದ ದಿನ ಊಟದ ಮುಂದಿಂದ ಅವರನ್ನ ಎಬ್ಬಿಸಬಾರದಲ್ಲ.

ನನ್ನ ಸಲಹೆ, ಈ ರಜಾದಲ್ಲಿ ಚಾಟ್ಸ್‌ವರ್ತ್‌ನ ಸ್ಟೋನಿ ಪಾಯಿಂಟ್‌ಗೆ ಹೋಗಿ, ಬಂಡೆ ಸಣ್ಣದು, ಪಕ್ಕದಲ್ಲೇ ರೋಡು. ಹತ್ತೋದು, ಅರ್ಧದಲ್ಲಿ ಹಗ್ಗ ಲಾಕ್ ಮಾಡಿ ಎರಡೂ ಕೈ ಬಿಡೋದು, ಎಳೆಯೋದು, ಎಲ್ಲ ಅಲ್ಲೇ ಕಲೀರಿ. ಬರೋ ಏಪ್ರಿಲಲ್ಲಿ ನಾವೊಂದು ಗೊತ್ತಿರೋ ಕ್ಯಾನ್ಯನ್‌ಗೆ ಹೋಗ್ತಿದೀವಿ, ಕ್ಲೋಶರ್ ಇಲ್ದೆ ಇದ್ರೆ. ಇಬ್ರಿಗೆ ಜಾಗ ಇದೆ, ಹತ್ತಿ ತೋರಿಸಿದೋರಿಗೆ.


ಇಳಿಜಾರು_ಇರ್ವೈನ್:

ಅಪ್ಡೇಟ್: ಕ್ಯಾನ್ಯನ್ ಇಳೀಲಿಲ್ಲ. ಸ್ಟೋನಿ ಪಾಯಿಂಟ್‌ಗೆ ಶುಕ್ರವಾರ ಹೋದ್ವಿ, ನಾನು ಪ್ರೂಸಿಕಲ್ಲಿ 12 ಅಡಿ ಹತ್ತಿದೆ, ಆಮೇಲೆ ತೊಡೆ ಬಿಟ್ಟುಹೋಯ್ತು, ಬಾವಮೈದ ಪೂರ್ತಿ ಹತ್ತಿ ಮೇಲಿಂದ ನಕ್ಕ. ಶನಿವಾರ ಸುಮ್ನೆ ನೋಡ್ಕೊಂಡು ಬರೋಣ ಅಂತ ಆ ಕವಲಿನ ತಲೆಗೆ ಹೋಗಿ (ಅಲ್ಲಿ ಕ್ಲೋಶರ್ ಇಲ್ಲ, ನೋಡ್ಕೊಂಡೇ ಹೋಗಿದ್ದು) ಪೊದೆ ಒಳಗೆ ಒಂದು 200 ಅಡಿ ನುಗ್ಗಿದ್ವಿ, 25 ನಿಮಿಷ ಆಯ್ತು. ವಾಪಸ್ ಹತ್ತೋಕೆ ಒಂದೂಕಾಲು ಗಂಟೆ. ಈಟಿ ಅಂದಿದ್ದು ಸುಳ್ಳಲ್ಲ. ನನ್ನ ಗ್ಲೌಸ್ ಎರಡೂ ಹರಿದು, ಮಣಿಕಟ್ಟಿಂದ ಮೊಣಕೈವರೆಗೆ ಬೆಕ್ಕು ಪರಚಿದ ಹಾಗಾಗಿದೆ.

@ಕೇರುಕಾಯಿ ನೀವು ಯಾವ ಗ್ಲೌಸ್ ಹಾಕೋದು?


ಕೇರುಕಾಯಿ:

ಕ್ಲೈಂಬಿಂಗ್ ಅಂಗಡೀದು ಬೇಡ. ತೋಟದ ಸಾಮಾನು ಸಿಗೋ ಕಡೆ ಗುಲಾಬಿ ಗಿಡ ಕತ್ತರಿಸೋಕೆ ಅಂತ ಮೊಣಕೈವರೆಗೆ ಬರೋ ಚರ್ಮದ್ದು ಸಿಗುತ್ತೆ, ಪೊದೆಗೆ ಅದು. ರಾಪೆಲ್ ಮಾಡುವಾಗ ತೆಗೆದು ಸಣ್ಣ ಗ್ಲೌಸ್ ಹಾಕ್ಕೊಳ್ಳಿ, ಉದ್ದ ತೋಳು ಹಗ್ಗ ಹಿಡಿಯೋ ಡಿವೈಸಲ್ಲಿ ಸಿಕ್ಕೊಳುತ್ತೆ. ಮತ್ತೆ ಆ ಕೈ ಕೆರೆದು ಹೋಗಿದ್ದು ನಾಳೆ ನಾಡಿದ್ದು ತುರಿಸೋಕೆ ಶುರು ಆದ್ರೆ ಬರೀ ಪರಚಿದ್ದಲ್ಲ ಅದು, ಶನಿವಾರದ ಬಟ್ಟೆ ಯಾರೂ ಮಡಚಿಲ್ಲ ತಾನೇ?


ಇಳಿಜಾರು_ಇರ್ವೈನ್:

ಅಮ್ಮ ಊರಿಂದ ಬಂದಿದಾರೆ. ಬೆಳಿಗ್ಗೇನೇ ಮಡಚಿಟ್ರು. 😬