ಪದಚರ್ಚೆ: ರೇಡಿಯೊ ರಿಮೋಟಿನಿಂದ ತೋಟಕ್ಕೆ ನೀರು – ‘ಗುಂಡಿ’, ‘ಒತ್ತಿ ಬಿಡಿ’, ‘ಓಗೊಡು’ ಇತ್ಯಾದಿ

ಎಲ್ಲರಿಗೂ ನಮಸ್ಕಾರ.

ಹನಿ ನೀರಾವರಿಯ ವಾಲ್ವುಗಳನ್ನು ಕಂಪ್ಯೂಟರು ಮತ್ತು ರೇಡಿಯೊ ರಿಮೋಟಿನಿಂದ ನಡೆಸುವ ಒಂದು ಸೆಟ್ಟಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ತಿಪಟೂರು, ಅರಸೀಕೆರೆ ಕಡೆಯ ತೆಂಗು, ಅಡಿಕೆ ಬೆಳೆಗಾರರು, ತೋಟ ನೋಡಿಕೊಳ್ಳುವವರು, ಪೆಟ್ಟಿಗೆ ಕೂರಿಸೋಕೆ ಬರುವ ಮೆಕ್ಯಾನಿಕ್ಕುಗಳು. ಅರ್ಧದಷ್ಟು ಪದಗಳು ಸಲೀಸಾಗಿ ಸಿಕ್ಕವು. ಉಳಿದವು ತಕರಾರು ಮಾಡುತ್ತಿವೆ. ಅವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಪದ ಸೂಚಿಸುವಾಗ ನಿಮ್ಮದು ಯಾವ ಸೀಮೆ ಅಂತಲೂ ಹೇಳಿ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಸಾಮಾನು ಏನು ಅಂತ ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಪದ ಹೊಳೆಯುವುದು ಕಷ್ಟ. ಪಂಪ್‌ಹೌಸಿನಲ್ಲಿ ಒಂದು ದೊಡ್ಡ ಪೆಟ್ಟಿಗೆ, ಅದರೊಳಗೆ ಚಿಕ್ಕ ಕಂಪ್ಯೂಟರು. ಯಾವ ವಾಲ್ವು ಎಷ್ಟು ಗಂಟೆಗೆ ತೆರೆಯಬೇಕು, ಎಷ್ಟು ಹೊತ್ತು ನೀರು ಹೋಗಬೇಕು ಅನ್ನುವ ಲೆಕ್ಕವೆಲ್ಲ ಅದರ ಹತ್ತಿರ. ತೋಟದೊಳಗೆ ವಾಲ್ವುಗಳ ಪಕ್ಕ ಒಂದೊಂದು ಸಣ್ಣ ಪೆಟ್ಟಿಗೆ: ಬ್ಯಾಟರಿ, ಅಂಗೈಯಗಲದ ಸೋಲಾರ್ ಪ್ಲೇಟು, ಒಂದು ಆಂಟೆನಾ. ಇವುಗಳ ಜೊತೆ ಕೈಯಲ್ಲಿ ಹಿಡಿಯುವ ರಿಮೋಟು. ಇವೆಲ್ಲ ಒಂದಕ್ಕೊಂದು ಮಾತಾಡುವುದು 865–867 ಮೆಗಾಹರ್ಟ್ಸ್ ರೇಡಿಯೊ ಅಲೆಗಳಲ್ಲಿ. ಕಡಿಮೆ ಶಕ್ತಿಯ ಸಾಧನಗಳಿಗೆ ನಮ್ಮ ದೇಶದಲ್ಲಿ ಈ ಅಲೆಪಟ್ಟಿ 2005ರಿಂದ ಲೈಸೆನ್ಸ್ ಇಲ್ಲದೆ ಸಿಗುತ್ತದೆ. ಸಿಮ್ ಬೇಡ, ರೀಚಾರ್ಜ್ ಬೇಡ. ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡು ಮಿಸ್ಡ್ ಕಾಲ್ ಕೊಟ್ಟು ಮೋಟಾರು ಓಡಿಸುವವರು ಮೊದಲು ಕೇಳುವುದೇ ‘ಇದಕ್ಕೆ ಯಾವ ಸಿಮ್ಮು?’ ಅಂತ. ಸಿಗ್ನಲ್ ಹೋದರೆ ‘ಟವರ್ ಇಲ್ಲ’ ಅನ್ನುತ್ತಾರೆ. ಇಲ್ಲಿ ಟವರ್ ಅನ್ನುವುದೇ ಇಲ್ಲ, ಪಂಪ್‌ಹೌಸಿನ ಮೇಲಿನ ಆಂಟೆನಾನೇ ಎಲ್ಲ. ಹಾಗಾಗಿ ಕೈಪಿಡಿಯಲ್ಲಿ ಟವರ್ ಅನ್ನುವ ಪದವನ್ನೇ ಬಳಸಿಲ್ಲ.

‘ರೇಡಿಯೊ’ಗೆ ಏನು ಮಾಡೋದು? ರೇಡಿಯೊ ಅಂದರೆ ನಮಗೆ ಹಾಡು, ಪ್ರದೇಶ ಸಮಾಚಾರ. ಬಾನುಲಿ, ಆಕಾಶವಾಣಿ ಎರಡೂ ಪ್ರಸಾರಕ್ಕೆ ಅಂಟಿಕೊಂಡಿವೆ. ‘ಆಕಾಶವಾಣಿ’ ಅಂತೂ 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ನಿಲಯದ ಹೆಸರು. ಅದನ್ನು ಎಳೆದು ತಂದು ಅಡಿಕೆ ತೋಟದ ವಾಲ್ವಿಗೆ ಕಟ್ಟೋಕಾಗಲ್ಲ. ಪೊಲೀಸ್ ಇಲಾಖೆಯ ‘ನಿಸ್ತಂತು’ ಇದೆ, ಆದರೆ ಪೊಲೀಸರೇ ಬಾಯಲ್ಲಿ ವೈರ್‌ಲೆಸ್ ಅನ್ನುತ್ತಾರೆ. ‘ತಂತಿರಹಿತ’ ಅಂದರೆ ತೋಟದವರಿಗೆ ಬೇಲಿ ನೆನಪಾಗುತ್ತದೆ. ಕೊನೆಗೆ ‘ವೈರ್‌ಲೆಸ್ ರಿಮೋಟು’ ಅಂತ ಇಟ್ಟಿದ್ದೇನೆ. ಟಿವಿ ರಿಮೋಟಿನ ಹಾಗೆ ಗುರಿ ಹಿಡಿಯಬೇಕಿಲ್ಲ, ಬೆನ್ನು ತಿರುಗಿಸಿ ಒತ್ತಿದರೂ ಕೆಲಸ ಮಾಡುತ್ತದೆ ಅಂತ ಒಂದು ಸಾಲು ಸೇರಿಸಿದೆ. ಈ ಪದದ ಬಗ್ಗೆ ನನಗೆ ಜಗಳ ಇಲ್ಲ.

ಜಗಳ ಶುರುವಾಗುವುದು ‘ಗುಂಡಿ’ಯಿಂದ. ಬಟನ್ನಿಗೆ ಗುಂಡಿ ಅನ್ನುವುದು ಅಂಗಿಯಿಂದ ಬಂದ ಮಾತು, ಒಳ್ಳೆಯ ಮಾತೇ. ಆದರೆ ತೋಟದಲ್ಲಿ ಗುಂಡಿ ಅಂದರೆ ಗುಂಡಿಯೇ. ಸಸಿ ನೆಡುವ ಗುಂಡಿ, ಗೊಬ್ಬರದ ಗುಂಡಿ. ಸಾಲದ್ದಕ್ಕೆ ವಾಲ್ವು ಕೂರುವುದೂ ನೆಲದೊಳಗಿನ ಒಂದು ಗುಂಡಿಯಲ್ಲಿ, ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ನನಗೆ ಕೊಟ್ಟ ಹಳೆಯ ಕರಡಿನಲ್ಲಿ ಒಂದು ಸಾಲು ಹೀಗಿದೆ: ‘ಗುಂಡಿಯ ಮುಚ್ಚಳ ತೆಗೆದು ಕೆಂಪು ಗುಂಡಿ ಒತ್ತಿರಿ.’ ನಮ್ಮ ಕಡೆ ಕೆಂಪು ಮಣ್ಣಿನ ಗುಂಡಿಗೇನೂ ಬರ ಇಲ್ಲ. ಬಟನ್ ಅಂತಲೇ ಬರೆದಿದ್ದೇನೆ. ಆಕ್ಷೇಪ ಇರುವವರು ದಯವಿಟ್ಟು ನೆಲದ ಗುಂಡಿಗೆ ಬೇರೆ ಪದ ಹುಡುಕಿಕೊಡಿ.

ಇದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ‘ಬಿಡು’. ಒಂದು ಕಡೆ ಬಟನ್ನನ್ನು ಅದುಮಿ ಹಿಡಿದು, ದೀಪ ಮಿನುಗಿದ ಮೇಲೆ ಬೆರಳು ತೆಗೆಯಬೇಕು. ಇನ್ನೊಂದು ಕಡೆ ಬರೀ ಒಂದು ಸಲ ಒತ್ತಿದರೆ ಸಾಕು. ಮೊದಲನೆಯದು ‘ಒತ್ತಿ ಬಿಡಿ’, ಎರಡನೆಯದು ‘ಒತ್ತಿಬಿಡಿ’. ನಡುವೆ ಜಾಗ ಇದ್ದರೆ ಬೆರಳು ತೆಗೆ ಅಂತ, ಇಲ್ಲದಿದ್ದರೆ ಸುಮ್ನೆ ಒತ್ತು ಅಂತ. ಆ ಕೂದಲೆಳೆಯಷ್ಟು ಜಾಗವನ್ನು ಯಾರು ನೋಡುತ್ತಾರೆ? ಡಿಟಿಪಿ ಮಾಡುವವರು ಸಾಲು ಸರಿಹೊಂದಿಸೋಕೆ ಅದನ್ನೇ ಎಳೆದಾಡುತ್ತಾರೆ. ಒಬ್ಬರು ಓದಿ ಹೇಳಿ ಇನ್ನೊಬ್ಬರು ಮಾಡುವಾಗಂತೂ ವ್ಯತ್ಯಾಸವೇ ಕೇಳಿಸುವುದಿಲ್ಲ. ತೋಟದಲ್ಲಿ ಕೆಲಸ ನಡೆಯುವುದೇ ಹಾಗೆ: ಮಗ ಮೊಬೈಲಿನಲ್ಲಿ ಓದುತ್ತಾನೆ, ಅಪ್ಪ ಒತ್ತುತ್ತಾರೆ.

ಇನ್ನು ನೀರಿನ ‘ಬಿಡು’. ‘ಮೂರನೇ ವಾಲ್ವಿಗೆ ನೀರು ಬಿಡಿ’ ಅಂದರೆ ಹರಿಸಿ ಅಂತ, ಅನುಮಾನ ಇಲ್ಲ. ‘ಮೂರನೇ ವಾಲ್ವು ಬಿಡಿ’ ಅಂದರೆ? ಅದನ್ನು ತೆರೆಯಬೇಕೋ, ಅದನ್ನು ಬಿಟ್ಟು ನಾಲ್ಕಕ್ಕೆ ಹೋಗಬೇಕೋ? ಎರಡೂ ಸರಿಯಾದ ಕನ್ನಡವೇ. ಆ ಕಂಪ್ಯೂಟರಿನಲ್ಲಿ ‘ಸ್ಕಿಪ್’ ಅನ್ನುವ ಆಜ್ಞೆ ನಿಜವಾಗಿಯೂ ಇದೆ, ಹಾಗಾಗಿ ಇದು ಬರೀ ತಲೆಹರಟೆ ಅಲ್ಲ. ಕೈಪಿಡಿಯಲ್ಲಿ ‘ಬಿಡು’ ನೀರಿಗೆ ಮಾತ್ರ ಅಂತ ಗೆರೆ ಎಳೆದಿದ್ದೇನೆ. ಬಟನ್ನಿಂದ ‘ಬೆರಳು ತೆಗೆಯಿರಿ’. ಸ್ಕಿಪ್‌ಗೆ ‘ದಾಟಿಸಿ’. ‘ಹಾರಿಸಿ’ ಅನ್ನಬಹುದಿತ್ತು, ಆದರೆ ನೀರಿನ ಪುಸ್ತಕದಲ್ಲಿ ಹಾರಿಸು ಅಂದರೆ ಸ್ಪ್ರಿಂಕ್ಲರೇ ಕಣ್ಣಿಗೆ ಬರುತ್ತದೆ. ‘ದಾಟಿಸು’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

‘ಚಾನೆಲ್’ ಬಗ್ಗೆ ಉದ್ದಕ್ಕೆ ಹೇಳುವ ಅಗತ್ಯ ಇಲ್ಲ. ಪಕ್ಕದ ತೋಟದಲ್ಲೂ ಇಂಥದ್ದೇ ಸೆಟ್ ಇದ್ದು ಸಂದೇಶಗಳು ಡಿಕ್ಕಿ ಹೊಡೆಯುತ್ತಿದ್ದರೆ ‘ಚಾನೆಲ್ ಬದಲಿಸಿ’ ಅಂತ ಮೂಲದಲ್ಲಿದೆ. ಚಾನೆಲ್ ಅಂದರೆ ನಾಲೆ ಅನ್ನುವ ಮಂಡ್ಯದ ಬಯಲಿನಲ್ಲಿ ಇದನ್ನು ಓದಿದವರು ಇಂಜಿನಿಯರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ‘ಅಲೆ ನಂಬರ್ ಬದಲಿಸಿ’ ಅಂತ ಬರೆದು ಮುಂದೆ ಹೋದೆ. ‘ಸ್ಟೇಷನ್’ ಕೂಡ ಹಾಗೇ. ಇಲ್ಲಿ ಸ್ಟೇಷನ್ ಅಂದರೆ ಒಂದು ವಾಲ್ವು ಮತ್ತು ಅದು ನೀರು ಕೊಡುವ ಜಾಗ. ನಮ್ಮಲ್ಲಿ ಸ್ಟೇಷನ್ನಿಗೆ ಹೋಗೋದು ಅಂದರೆ ಒಳ್ಳೆಯ ಸುದ್ದಿ ಅಲ್ಲ. ತೋಟಗಾರಿಕೆ, ಕೃಷಿ ಇಲಾಖೆಯವರು ‘ಪ್ರಾತ್ಯಕ್ಷಿಕೆ ತಾಕು’ ಅಂತ ಬರೆಯುವುದನ್ನು ನೋಡಿದ್ದೀರಲ್ಲ, ಆ ‘ತಾಕು’ ಇಲ್ಲಿ ಚೆನ್ನಾಗಿ ಕೂತಿದೆ.

ಪೆಟ್ಟಿಗೆಗೆ ಹೊಸ ವಾಲ್ವನ್ನು ‘ಪೇರ್’ ಮಾಡುವುದು. ಬ್ಲೂಟೂತ್ ಬಳಸುವ ಹುಡುಗರಿಗೆ ಇಷ್ಟೇ ಸಾಕು. ವಯಸ್ಸಾದವರಿಗೆ ‘ಜೋಡಿಸಿ’ ಅಂತ ಬರೆದರೆ ವೈರು ಹುಡುಕುತ್ತಾರೆ, ಯಾಕೆಂದರೆ ಅದೇ ಪುಟದ ಮೇಲ್ಗಡೆ ಸೊಲೆನಾಯ್ಡ್ (ಕರೆಂಟು ಕೊಟ್ಟರೆ ಅಯಸ್ಕಾಂತವಾಗಿ ವಾಲ್ವನ್ನು ತೆರೆಸುವ ಸುರುಳಿ) ವೈರನ್ನು ‘ಜೋಡಿಸಿ’ ಅಂದಿದ್ದೇನೆ. ‘ಹೊಂದಿಸಿ’ ಅನ್ನುವುದು ಗಡಿಯಾರದ ಟೈಮ್ ಸೆಟ್ ಮಾಡೋಕೆ ಬೇಕು. ನಡೆಯುವ ಕೆಲಸ ಇಷ್ಟು: ತೋಟದ ಪ್ರತಿ ಪೆಟ್ಟಿಗೆಗೂ ತನ್ನದೇ ಒಂದು ನಂಬರ್ ಇರುತ್ತದೆ, ದೊಡ್ಡ ಪೆಟ್ಟಿಗೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಪಕ್ಕದ ತೋಟದ ರಿಮೋಟಿಗೆ ನಮ್ಮ ವಾಲ್ವು ಬಗ್ಗುವುದಿಲ್ಲ. ‘ಗುರುತು ಹಿಡಿಸಿ’ ಅಂತ ಸದ್ಯಕ್ಕೆ ಇಟ್ಟಿದ್ದೇನೆ. ಇದಕ್ಕಿಂತ ಚಿಕ್ಕದು ಸಿಕ್ಕರೆ ಒಳ್ಳೆಯದು.

ಈಗ ನನಗೆ ತುಂಬಾ ಇಷ್ಟವಾದ ಪದಕ್ಕೆ ಬರುತ್ತೇನೆ. ರಿಮೋಟಿನಿಂದ ‘ಎರಡನೇ ವಾಲ್ವು ತೆರೆ’ ಅಂತ ಕಳಿಸಿದರೆ ತೋಟದ ಪೆಟ್ಟಿಗೆ ಒಂದು ಮರುಸಂದೇಶ ಕಳಿಸುತ್ತದೆ, ನಿನ್ನ ಮಾತು ಕೇಳಿಸಿತು ಅಂತ. ರಿಮೋಟಿನ ಪರದೆಯ ಮೇಲೆ ಎ-ಸಿ-ಕೆ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಬೀಳುತ್ತವೆ, ‘ಅಕ್ನಾಲೆಜ್‌ಮೆಂಟ್’ ಅನ್ನುವುದರ ಚಿಕ್ಕ ರೂಪ. ‘ಸ್ವೀಕೃತಿ’ ಅಂದರೆ ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿಯ ಚೀಟಿ ನೆನಪಾಗುತ್ತದೆ. ಕನ್ನಡದಲ್ಲಿ ‘ಓಗೊಡು’ ಇದೆಯಲ್ಲ? ಕರೆದರೆ ‘ಓ’ ಅನ್ನುವುದು. ಇದಕ್ಕಿಂತ ಅಚ್ಚುಕಟ್ಟಾದ ಪದ ನನಗೆ ಕಾಣಲಿಲ್ಲ. ಓ ಅಂದವರು ಎದ್ದು ಬಂದರು ಅಂತ ಅರ್ಥ ಅಲ್ಲ, ಕೂಗಿದ್ದು ಕೇಳಿಸಿತು ಅಂತ ಅಷ್ಟೇ. ಈ ಯಂತ್ರದಲ್ಲೂ ನಡೆಯುವುದು ಅಷ್ಟೇ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಹಳೆಯ ಕರಡಿನಲ್ಲಿ ಮೂರು ಬೇರೆ ಬೇರೆ ಸಂಗತಿಗೆ ‘ವಾಲ್ವು ತೆರೆದಿದೆ’ ಅನ್ನುವ ಒಂದೇ ಮಾತು ಇದೆ. ಪೆಟ್ಟಿಗೆ ಓಗೊಟ್ಟಿದ್ದು ಒಂದು. ಪೆಟ್ಟಿಗೆ ಸೊಲೆನಾಯ್ಡಿಗೆ ಕರೆಂಟು ಕಳಿಸಿದ್ದು ಇನ್ನೊಂದು. ನೀರು ನಿಜವಾಗಿ ಹರಿದಿದ್ದು ಮತ್ತೊಂದು. ಸೊಲೆನಾಯ್ಡ್ ತೆರೆಯುವುದು ಒಂದು ಸಣ್ಣ ತೂತನ್ನು ಮಾತ್ರ. ಒಳಗಿನ ರಬ್ಬರ್ ಪೊರೆಯನ್ನು ಎತ್ತುವುದು ಪೈಪಿನ ನೀರಿನ ಒತ್ತಡ. ಪೈಪಿನಲ್ಲಿ ಒತ್ತಡ ಇಲ್ಲದಿದ್ದರೆ, ಆ ತೂತಿನಲ್ಲಿ ಮರಳಿನ ಹರಳು ಸಿಕ್ಕಿಕೊಂಡಿದ್ದರೆ, ಟಕ್ ಅಂತ ಸದ್ದು ಬರುತ್ತದೆ, ನೀರು ಬರುವುದಿಲ್ಲ. ಪೆಟ್ಟಿಗೆಗೆ ಅದು ಗೊತ್ತಾಗಬೇಕಾದರೆ ನೀರಿನ ಮೀಟರೋ ಒತ್ತಡದ ಸೆನ್ಸರೋ ಇರಬೇಕು. ಮೀಟರ್ ಇಲ್ಲದ ಸೆಟ್ಟಿನಲ್ಲಿ ‘ತೆರೆದಿದೆ’ ಅನ್ನುವುದು ಸುಳ್ಳು, ‘ತೆರೆಯೋಕೆ ಹೇಳಿದೆ’ ಅನ್ನುವುದು ನಿಜ. ಹಾಗಾಗಿ ‘ಓಗೊಟ್ಟಿತು’, ‘ತೆರೆಯಲು ಹೇಳಿದೆ’, ‘ನೀರು ಹರಿಯುತ್ತಿದೆ’ ಅಂತ ಮೂರನ್ನೂ ಬೇರೆ ಮಾಡಿದ್ದೇನೆ. ‘ಓಗೊಟ್ಟಿತು’ ಹಳೇ ಕಾಲದ್ದಾಯಿತು ಅನ್ನಿಸಿದರೆ ‘ಓ ಅಂದಿತು’ ಅಂತ ಮಾಡಬಹುದು. ಯಾವುದು ಮೇಲು?

ಇದನ್ನು ಪರದೆಯ ಮೇಲೇ ಯಾಕೆ ತೋರಿಸಬಾರದು ಅಂತ ಕೇಳುತ್ತೀರಿ. ಅದು ಹದಿನಾರು ಅಕ್ಷರದ ಎರಡು ಸಾಲಿನ ಅಗ್ಗದ ಎಲ್‌ಸಿಡಿ. ಒಂದೊಂದು ಅಕ್ಷರಕ್ಕೆ ಅಡ್ಡಕ್ಕೆ 5, ಉದ್ದಕ್ಕೆ 8 ಚುಕ್ಕಿ. ನಾವೇ ಬರೆದು ಸೇರಿಸಬಹುದಾದ ಆಕಾರಗಳು ಒಂದು ಸಲಕ್ಕೆ ಎಂಟೇ ಎಂಟು. ‘ಗ’ ಹೇಗೋ ಕೂರುತ್ತದೆ. ‘ಟ್ಟಿ’ಯ ಒತ್ತು, ಗುಣಿತ ಎರಡನ್ನೂ ಎಂಟು ಚುಕ್ಕಿ ಎತ್ತರದಲ್ಲಿ ಬರೆದು ನೋಡಿ, ಗೊತ್ತಾಗುತ್ತದೆ. ಅದಕ್ಕೇ ಪರದೆ ಇಂಗ್ಲಿಷಿನಲ್ಲೇ ಉಳಿಯುತ್ತದೆ, ಕನ್ನಡ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸುವ ಸ್ಟಿಕ್ಕರಿನಲ್ಲಿ ಬರುತ್ತದೆ.

‘ಲ್ಯಾಚಿಂಗ್ ಸೊಲೆನಾಯ್ಡ್’ ನನಗೆ ಬಗೆಹರಿದಿಲ್ಲ. 24 ವೋಲ್ಟ್ ಎಸಿಯ ಸಾಮಾನ್ಯ ಸೊಲೆನಾಯ್ಡಿನಲ್ಲಿ ಕರೆಂಟು ಇರುವಷ್ಟು ಹೊತ್ತು ವಾಲ್ವು ತೆರೆದಿರುತ್ತದೆ, ಹೋದರೆ ಒಳಗಿನ ಸ್ಪ್ರಿಂಗು ಮುಚ್ಚುತ್ತದೆ. ಬ್ಯಾಟರಿಯಲ್ಲಿ ನಡೆಯುವ ಲ್ಯಾಚಿಂಗ್ ಹಾಗಲ್ಲ. ಅರೆಕ್ಷಣ ಕರೆಂಟು ಕೊಟ್ಟರೆ ಒಳಗಿನ ಕಬ್ಬಿಣದ ಕಡ್ಡಿ ಮೇಲೆ ಹಾರಿ ಅಯಸ್ಕಾಂತಕ್ಕೆ ಅಂಟಿ ನಿಲ್ಲುತ್ತದೆ. ಮುಚ್ಚೋಕೆ ಕರೆಂಟನ್ನು ಉಲ್ಟಾ ಕೊಡಬೇಕು. ಕೆಂಪು, ಕಪ್ಪು ವೈರು ಅದಲುಬದಲಾದರೆ ‘ತೆರೆ’ ಅಂದಾಗ ಮುಚ್ಚುತ್ತದೆ. ಮುಖ್ಯವಾಗಿ, ವಾಲ್ವು ತೆರೆದಿರುವಾಗ ಬ್ಯಾಟರಿ ಸತ್ತರೆ ಅದು ತೆರೆದೇ ಇರುತ್ತದೆ. ಬೋರಿನಲ್ಲಿ ನೀರೇ ಕಡಿಮೆ ಇರುವ ಸೀಮೆಯಲ್ಲಿ ಈ ಮಾತು ಪದದಲ್ಲೇ ಗೊತ್ತಾಗಬೇಕು.

ಲ್ಯಾಚ್ ಅಂದರೆ ಚಿಲಕ, ಹಾಗಾದರೆ ‘ಚಿಲಕದ ಸೊಲೆನಾಯ್ಡ್’ ಅಂತ ಗೆಳೆಯರೊಬ್ಬರ ಸಲಹೆ. ಕೇಳೋಕೆ ಚೆಂದ. ಆದರೆ ನಾವು ಚಿಲಕ ಹಾಕುವುದು ಬಾಗಿಲು ಮುಚ್ಚೋಕೆ. ಓದಿದವರು ‘ಓ, ಇದು ತಾನಾಗಿ ಮುಚ್ಚಿಕೊಳ್ಳುತ್ತೆ’ ಅಂದುಕೊಳ್ಳುತ್ತಾರೆ, ಅರ್ಥ ತಲೆಕೆಳಗಾಯಿತು. ‘ಕಚ್ಚಿಕೊಳ್ಳುವ’ ಅಂದರೆ ಮೆಕ್ಯಾನಿಕ್ಕಿಗೆ ಕೆಟ್ಟು ಕೂತ ಮೋಟಾರು. ‘ಇದ್ದಂತೆ ನಿಲ್ಲುವ ಸೊಲೆನಾಯ್ಡ್’ ಅಂತ ಒಂದು ಯೋಚನೆ ಇದೆ. ಕೊಂಚ ಉದ್ದ, ಆದರೆ ಮೋಸ ಮಾಡುವುದಿಲ್ಲ.

ಇಡೀ ವ್ಯವಸ್ಥೆಗೆ ‘ಗಣಕೀಕೃತ ನೀರಾವರಿ’ ಅನ್ನುವ ಹೆಸರು ಬೇಡ ಅಂತ ನಾನೇ ತೆಗೆದೆ. ಗಣಕೀಕೃತ ಅಂದರೆ ಪಹಣಿ. ನೀರಿನ ಲೆಕ್ಕವನ್ನು ಕಂಪ್ಯೂಟರಿಗೆ ಹತ್ತಿಸಿದ್ದಾರೆ ಅಂತ ಕೇಳಿಸುತ್ತದೆ. ದೊಡ್ಡ ಪೆಟ್ಟಿಗೆಗೆ ‘ನೀರುಗಂಟಿ’ ಅಂತ ಇಡಿ ಅಂದವರೂ ಇದ್ದಾರೆ. ನನಗೆ ಮನಸ್ಸಿಲ್ಲ. ನೀರುಗಂಟಿ ಕೆರೆಯ ತೂಬು ನೋಡಿಕೊಂಡು ಊರಿಗೆಲ್ಲ ನೀರು ಹಂಚುವ ಮನುಷ್ಯ. ಇದು ಒಬ್ಬರ ತೋಟದ ಪೆಟ್ಟಿಗೆ. ‘ಕಂಟ್ರೋಲರ್’ ಸಾಕು.

ಕೊನೆಯದು ಉತ್ತರ ಕರ್ನಾಟಕದವರಿಗೆ. ನಮ್ಮ ಕಡೆ ಗದ್ದೆಗೆ, ತೋಟಕ್ಕೆ ‘ನೀರು ಕಟ್ಟೋದು’ ಅಂದರೆ ನೀರು ಹಾಯಿಸುವುದು. ಇದೇ ಕೈಪಿಡಿ ಆಮೇಲೆ ಆ ಕಡೆಗೂ ಹೋಗುತ್ತದಂತೆ. ಅಲ್ಲಿ ಇದನ್ನು ನೀರು ತಡೆಯುವುದು ಅಂತ ಓದಿಕೊಳ್ಳುವ ಅಪಾಯ ಇದೆಯೇ? ಇದ್ದರೆ ಎಲ್ಲ ಕಡೆ ‘ಹಾಯಿಸು’ ಮಾಡುತ್ತೇನೆ. ಇನ್ನೊಂದು, ಕೆಲವು ವಾಲ್ವುಗಳು ಒಟ್ಟಿಗೆ ತೆರೆಯುವ ಸರದಿಗೆ ಮೂಲದಲ್ಲಿ ‘ಶಿಫ್ಟ್’ ಅಂತಿದೆ. ‘ಪಾಳಿ’ ಅನ್ನಲೋ, ‘ಸರದಿ’ ಅನ್ನಲೋ? ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಮಾಡಿದ್ದಾರೆ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ಸ್ಕಾಡಾ ಅನ್ನುವ ಕಂಪ್ಯೂಟರ್ ನಿಯಂತ್ರಣ ವ್ಯವಸ್ಥೆಯ ಮೂಲಕ ದೂರದಿಂದಲೇ ನಡೆಸುತ್ತಾರೆ. ಅಲ್ಲಿಯ ರೈತರ ಬಾಯಲ್ಲಿ, ಗೇಟು ನಡೆಸುವ ಸಿಬ್ಬಂದಿಯ ಬಾಯಲ್ಲಿ ಈಗಾಗಲೇ ಯಾವ ಪದಗಳು ಓಡಾಡುತ್ತಿವೆ ಅಂತ ಹತ್ತಿರದಿಂದ ಕೇಳಿದವರು ಬರೆಯಿರಿ. ಕಾಗದದ ಮೇಲಿನ ಪದ ಬೇಡ, ವಾಲ್ವಿನ ಪಕ್ಕ ನಿಂತು ಕೂಗುವ ಪದ ಬೇಕು.

ಸ್ಟಿಕ್ಕರು ಅಂಗೈಯಷ್ಟೇ ಇರುವುದರಿಂದ ಒಂದು ಸಾಲಿಗೆ ಎರಡು ಮೂರು ಪದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಸಲಹೆ ಕೊಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.