ಯುರೋಪಿನ ಚರ್ಚ್, ಕೋಟೆಗಳ ಫೋಟೋಗೆ ವೈಡ್ ಲೆನ್ಸ್ ಬೇಕೇ ಬೇಕಾ?

ತುಮಕೂರು_ತಿರುಗಾಟ:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಕ್ಕನ ಮನೆಗೆ ಅಂತ ಜರ್ಮನಿಗೆ ಹೊರಟಿದ್ದೇನೆ. ಅವರಿರುವುದು ಕಲೋನ್‌ನಲ್ಲಿ. ಅಲ್ಲಿಂದ ರೈಲಿನಲ್ಲಿ ಪ್ಯಾರಿಸ್, ಆಮೇಲೆ ಜರ್ಮನಿಯದೇ ನೊಯ್‌ಶ್ವಾನ್‌ಸ್ಟೈನ್ ಕೋಟೆ. ನನ್ನ ಹತ್ತಿರ ಇರುವುದು ಹಳೇ ಕ್ರಾಪ್ ಸೆನ್ಸರ್ (ಸೆನ್ಸರ್ ಚಿಕ್ಕದು, ಹಾಗಾಗಿ ನೋಟ ಕಿರಿದು) ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್, ಮತ್ತೊಂದು 50 ಎಂಎಂ. ಮಧುಗಿರಿ ಬೆಟ್ಟ, ಶಿರಾ, ಕೈದಾಳ ಸುತ್ತುವುದಕ್ಕೆ ಇಷ್ಟು ಸಾಕಾಗಿತ್ತು. ಆದರೆ ಆ ಚರ್ಚ್‌ಗಳು ಭಾರೀ ಎತ್ತರ, ಅಗಲವಾದ ನೋಟ ಕೊಡುವ 10-20 ಎಂಎಂ ವೈಡ್ ಲೆನ್ಸ್ ಇಲ್ಲದಿದ್ದರೆ ಫ್ರೇಮಿಗೇ ಬರುವುದಿಲ್ಲ ಅಂತ ಗೆಳೆಯನೊಬ್ಬ ಹೆದರಿಸಿಬಿಟ್ಟಿದ್ದಾನೆ. ಸೆಕೆಂಡ್ ಹ್ಯಾಂಡ್ ಕೊಂಡರೂ ಕೈ ಸುಡುತ್ತದೆ. ತಗೊಳ್ಳಲಾ ಬೇಡವಾ? ಟ್ರೈಪಾಡ್ ಹೊತ್ತುಕೊಂಡು ಹೋಗಬೇಕಾ? ಒಳಗೆ ಫೋಟೋ ತೆಗೆಯಲು ಬಿಡುತ್ತಾರಾ?

ನಂದಿ_ತಪ್ಪಲು:
ಲೆನ್ಸ್ ವಿಷಯ ಆಮೇಲೆ. ಮೊದಲು ದಿಕ್ಕು ನೋಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ.

ನಮ್ಮ ದೇವಸ್ಥಾನಗಳು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ನಂದಿಯ ಭೋಗನಂದೀಶ್ವರಕ್ಕೆ ಬೆಳಗ್ಗೆ ಹೋದರೆ ಎದುರಿನಿಂದ ಬೆಳಕು ಸಿಗುತ್ತದೆ. ಶಿರಾದ ಜುಮ್ಮಾ ಮಸೀದಿಯೂ ಅಷ್ಟೇ. ಪ್ರಾರ್ಥನೆ ಪಶ್ಚಿಮದ ಕಡೆ ತಿರುಗಿ, ಹಾಗಾಗಿ ಕಮಾನುಗಳಿರುವ ಮುಖ ಪೂರ್ವಕ್ಕೆ. ಅಲ್ಲಿನ ಹಳೇ ಕೆಥೆಡ್ರಲ್‌ಗಳಲ್ಲಿ, ಅಂದರೆ ಬಿಷಪ್ಪರ ದೊಡ್ಡ ಚರ್ಚ್‌ಗಳಲ್ಲಿ, ಇದು ಉಲ್ಟಾ. ಪೂಜಾ ವೇದಿಕೆ ಪೂರ್ವದ ತುದಿಯಲ್ಲಿ, ಅವಳಿ ಗೋಪುರ ಮತ್ತು ದೊಡ್ಡ ಬಾಗಿಲು ಪಶ್ಚಿಮಕ್ಕೆ. ಕಲೋನ್ ಹಾಗೇ, ಪ್ಯಾರಿಸ್ಸಿನ ನೋತ್ರ್ ದಾಮ್ ಕೂಡ ಹಾಗೇ. ಊರಿನ ಅಭ್ಯಾಸದಲ್ಲಿ ಬೆಳಗ್ಗೆ ಬೇಗ ಎದ್ದು ಹೋದಿರೋ, ಮುಖವೆಲ್ಲ ನೆರಳು, ಹಿಂದಿನ ಆಕಾಶ ಬೆಳ್ಳಗೆ ಸುಟ್ಟಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ, ಅವಸರವೇ ಇಲ್ಲ.

ಕಲೋನ್‌ನಲ್ಲಿ ಇನ್ನೊಂದು ತಾಪತ್ರಯ ಇದೆ. ಗೋಪುರಗಳು 157 ಮೀಟರ್. ಮುಂದಿನ ಅಂಗಳ ಚಿಕ್ಕದು, ಪಕ್ಕದಲ್ಲೇ ರೈಲು ನಿಲ್ದಾಣ. ಹಿಂದೆ ಹಿಂದೆ ಹೋಗಲು ಜಾಗವೇ ಇಲ್ಲ. ಅದಕ್ಕೆ ಹೊಹೆನ್‌ಸೊಲರ್ನ್ ಸೇತುವೆ ದಾಟಿ ರೈನ್ ನದಿಯ ಆಚೆ ದಡಕ್ಕೆ, ಡಾಯ್ಟ್ಸ್ ಕಡೆಗೆ ಹೋಗಿ. ಅಲ್ಲಿಂದ ಕಾಣುವುದು ಚರ್ಚಿನ ಪೂರ್ವದ ಬೆನ್ನು. ಅದಕ್ಕೆ ಬೆಳಗಿನ ಬೆಳಕೇ ಸರಿ. ಸಂಜೆಯಾದರೆ ಗೋಪುರಗಳ ಕಪ್ಪು ಆಕೃತಿ ಮಾತ್ರ. ಸೂರ್ಯ ಮುಳುಗಿ ಆಕಾಶ ಇನ್ನೂ ನೀಲಿ ಇರುವಾಗ ದೀಪ ಹತ್ತುತ್ತದೆ ನೋಡಿ, ಸೇತುವೆಯ ಕಮಾನು, ಚರ್ಚು, ನದಿ ಮೂರೂ ಒಟ್ಟಿಗೆ. ಅಲ್ಲಿ ನಿಮ್ಮ 18-55 ಧಾರಾಳ. ವೈಡ್ ಹಾಕಿದರೆ ಚರ್ಚು ಇರುವೆಯಷ್ಟು ಕಾಣುತ್ತದೆ.

ಕೋಲಾರ_ಕಣ್ಣು:
ದಿಕ್ಕಿನ ಮಾತು ಸರಿ, ಲೆನ್ಸ್ ವಿಷಯದಲ್ಲಿ ಸ್ವಲ್ಪ ತಕರಾರಿದೆ. ಹೊರಗೆ ಬೇಡ, ಒಪ್ಪಿದೆ. ಒಳಗೆ ಬೇಕಾಗುತ್ತದೆ. ಕಲೋನ್ ಚರ್ಚಿನ ಒಳಗಿನ ಎತ್ತರವೇ 43 ಮೀಟರ್. ಕ್ರಾಪ್ ಕ್ಯಾಮೆರಾದಲ್ಲಿ 18 ಅಂದರೆ ದೊಡ್ಡ ಸೆನ್ಸರ್ (ಫುಲ್ ಫ್ರೇಮ್) ಕ್ಯಾಮೆರಾದ ಸುಮಾರು 27 ಎಂಎಂನಷ್ಟೇ ನೋಟ. ಕಂಬ ಸಿಕ್ಕರೆ ಚಾವಣಿ ಇಲ್ಲ, ಚಾವಣಿ ಸಿಕ್ಕರೆ ನೆಲ ಇಲ್ಲ.

ಹಾಗಂತ ಕೊಂಡುಕೊಳ್ಳಿ ಅಂತ ಹೇಳುತ್ತಿಲ್ಲ. ಕ್ಯಾಮೆರಾ ಅಡ್ಡ ಹಿಡಿದು ಕೆಳಗಿನಿಂದ ಮೇಲಕ್ಕೆ ಮೂರ್ನಾಲ್ಕು ಫೋಟೋ ತೆಗೆಯಿರಿ, ಪ್ರತಿಯೊಂದರಲ್ಲೂ ಹಿಂದಿನದರ ಮೂರನೇ ಒಂದು ಭಾಗ ಇರಲಿ, ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕಿನ ಅಳತೆ) ಮ್ಯಾನುಯಲ್‌ನಲ್ಲಿ ಬದಲಾಗದೆ ಇರಲಿ, ಮನೆಗೆ ಬಂದು ಕಂಪ್ಯೂಟರಿನಲ್ಲಿ ಹೊಲಿಯಿರಿ. ದುಡ್ಡು ಖರ್ಚಿಲ್ಲ.

ವೈಡ್ ಲೆನ್ಸ್ ಇದ್ದರೂ ಇಲ್ಲದಿದ್ದರೂ ಕಾಡುವುದು ಬೇರೆಯದೇ. ಕ್ಯಾಮೆರಾ ಮೇಲಕ್ಕೆ ಎತ್ತಿದ ಕೂಡಲೇ ಕಟ್ಟಡ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ, ಎರಡೂ ಗೋಡೆ ಮೇಲೆ ಹೋಗಿ ಕೂಡಿಕೊಳ್ಳುತ್ತವೆ. ಲೆನ್ಸ್ ಅಗಲವಾದಷ್ಟೂ ಇದು ಜಾಸ್ತಿ. ಕ್ಯಾಮೆರಾವನ್ನು ನೆಲಕ್ಕೆ ಸಮನಾಗಿ ಹಿಡಿದು, ಕೆಳಗೆ ಬರುವ ಖಾಲಿ ನೆಲವನ್ನು ಆಮೇಲೆ ಕತ್ತರಿಸಿದರೆ ಸಾಕು. ಆಗದಿದ್ದರೆ ಸುತ್ತ ಜಾಗ ಬಿಟ್ಟು ತೆಗೆದು, ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಿ ಪರ್ಸ್‌ಪೆಕ್ಟಿವ್ ಸರಿ ಮಾಡಿ. ತುಂಬಾ ಎಳೆದರೆ ಗೋಪುರ ಊದಿಕೊಳ್ಳುತ್ತದೆ, ಸ್ವಲ್ಪ ವಾಲಿದ ಹಾಗೆ ಇದ್ದರೇ ಚೆಂದ. ಹೋಗುವ ಮೊದಲು ಒಂದು ಭಾನುವಾರ ನಮ್ಮ ಕೋಲಾರದ ಸೋಮೇಶ್ವರ ಗೋಪುರದ ಬುಡದಲ್ಲಿ ನಿಂತು ಅಭ್ಯಾಸ ಮಾಡಿ. ಕೋಲಾರಮ್ಮನ ಗುಡಿಯೂ ಹತ್ತಿರದಲ್ಲೇ ಇದೆ, ಸುಮ್ನೆ ಬಂದಂತಾಗುವುದಿಲ್ಲ.

ಗುಡಿಬಂಡೆ_ಗಾಳಿ:
ಟ್ರೈಪಾಡ್ ಮನೆಯಲ್ಲಿಡಿ. ನಮ್ಮ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲೇ ಅದಕ್ಕೆ ಮೊದಲೇ ಅನುಮತಿ ಬೇಕು, ಅಲ್ಲಿನ ಚರ್ಚ್‌ಗಳ ಒಳಗೂ ಸಾಮಾನ್ಯವಾಗಿ ಬಿಡುವುದಿಲ್ಲ. ಕಂಬಕ್ಕೆ ಒರಗಿ, ಉಸಿರು ಹಿಡಿದು, ಎರಡು ಸೆಕೆಂಡಿನ ಟೈಮರ್ ಹಾಕಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಲು ಹೆದರಬೇಡಿ. ಕಾಳು ಕಾಳಾಗಿ ಬಂದ ಫೋಟೋ ನೋಡಬಹುದು, ಅಲ್ಲಾಡಿದ ಫೋಟೋ ಯಾತಕ್ಕೂ ಬರುವುದಿಲ್ಲ. ಫ್ಲ್ಯಾಶ್ ಬೇಡವೇ ಬೇಡ. ಪ್ರಾರ್ಥನೆ ನಡೆಯುವಾಗ ಕ್ಯಾಮೆರಾ ಒಳಗಿಡಿ. ನಮ್ಮ ಗರ್ಭಗುಡಿ ಮುಂದೆ ಹೇಗಿರುತ್ತೇವೋ ಹಾಗೆ, ಅಲ್ವಾ?

ನೊಯ್‌ಶ್ವಾನ್‌ಸ್ಟೈನ್ ಒಳಗೆ ಫೋಟೋ ನಿಷೇಧ. ಟಿಕೆಟ್‌ನಲ್ಲಿ ಸಮಯ ಹಾಕಿರುತ್ತಾರೆ, ಗೈಡ್ ಜೊತೆ ಗುಂಪಿನಲ್ಲೇ ಹೋಗಬೇಕು. ಎಲ್ಲರೂ ನೋಡಿರುವ ಆ ಪ್ರಸಿದ್ಧ ಫೋಟೋ ತೆಗೆಯುವುದು ಮರಿಯೆನ್‌ಬ್ರೂಕೆ ಎಂಬ ಸೇತುವೆಯಿಂದ. ಕಾಲಿಡಲು ಜಾಗ ಇರುವುದಿಲ್ಲ, ಬೇಗ ಹೋಗಿ. ಡ್ರೋನ್ ಯೋಚನೆ ಇದ್ದರೆ ಬಿಟ್ಟುಬಿಡಿ. ಇನ್ನೊಂದು ಮಾತು, ಅದನ್ನು ನಮ್ಮ ಗುಡಿಬಂಡೆ ಥರ ಯುದ್ಧದ ಕೋಟೆ ಅಂದುಕೊಂಡು ಹೋಗಬೇಡಿ. 1869ರಲ್ಲಿ ಎರಡನೇ ಲುಡ್ವಿಗ್ ರಾಜ ತನ್ನ ಆಸೆಗೆ ಕಟ್ಟಲು ಶುರು ಮಾಡಿದ ಅರಮನೆ ಅದು. ನನಗೇನೋ ಮಧುಗಿರಿಯ ಬಂಡೆ ಮೇಲಿನ ಗೋಡೆಗಳ ಮುಂದೆ ಅದು ಕೇಕ್ ಮೇಲಿನ ಗೊಂಬೆ ಅನ್ನಿಸಿತು. ಬೈಯಬೇಡಿ.

ತುಮಕೂರು_ತಿರುಗಾಟ:
ಬೈಯುವುದಿಲ್ಲ, ಮಧುಗಿರಿ ನಮ್ಮದೇ! ಎಲ್ಲರಿಗೂ ಥ್ಯಾಂಕ್ಸ್. ವೈಡ್ ಲೆನ್ಸ್ ಕೈಬಿಟ್ಟೆ. ಆದರೆ ಬಣ್ಣದ ಗಾಜಿನ ಕಿಟಕಿಗಳನ್ನು ಹೇಗೆ ತೆಗೆಯುವುದು? ಮೊಬೈಲಿನಲ್ಲಿ ತೆಗೆದವರ ಫೋಟೋ ನೋಡಿದರೆ ಕಿಟಕಿ ಪೂರ್ತಿ ಬಿಳಿ.

ಅರಳಗುಪ್ಪೆ_ಅಭಿಮಾನಿ:
ಕ್ಯಾಮೆರಾ ಕತ್ತಲೆ ಗೋಡೆಯನ್ನು ನೋಡಿ ಬೆಳಕು ಜಾಸ್ತಿ ಬಿಡುತ್ತದೆ, ಅದಕ್ಕೇ ಕಿಟಕಿ ಬಿಳಿಯಾಗುವುದು. ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಹಾಕಿ, ಗಾಜಿನ ಮೇಲೆ ಅಳೆಯಿರಿ. ಮೊಬೈಲಾದರೆ ಗಾಜಿನ ಮೇಲೆ ಬೆರಳಿಟ್ಟು ಬ್ರೈಟ್‌ನೆಸ್ ಕೆಳಗೆ ಎಳೆಯಿರಿ. ಗೋಡೆ ಕಪ್ಪಾದರೆ ಆಗಲಿ. ಗೋಡೆಯೂ ಬೇಕೆಂದರೆ ಮೂರು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆದು ಕೂಡಿಸಬಹುದು, ಆದರೆ ಹೀಗೆ ಕೂಡಿಸುವ ಎಚ್‌ಡಿಆರ್ ಅತಿಯಾದರೆ ಚರ್ಚು ಮದುವೆ ಛತ್ರದ ಹಾಗೆ ಹೊಳೆಯುತ್ತದೆ.

ಮೋಡದ ದಿನ ಗಾಜಿಗೆ ಒಳ್ಳೆಯದು, ಬೆಳಕು ಎಲ್ಲ ಕಡೆ ಒಂದೇ ಸಮ ಬರುತ್ತದೆ. ಬಿಸಿಲಿದ್ದರೆ ಕಿಟಕಿ ಬಿಟ್ಟು ನೆಲ ನೋಡಿ, ಕಂಬಗಳ ಮೇಲೆ ಬಣ್ಣ ಚೆಲ್ಲಿರುತ್ತದೆ. ಕಲೋನ್‌ನಲ್ಲಿ ದಕ್ಷಿಣದ ಕಡೆ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ ಮಾಡಿದ ಕಿಟಕಿ ಇದೆ, 2007ರದು, 11 ಸಾವಿರಕ್ಕೂ ಹೆಚ್ಚು ಬಣ್ಣದ ಚೌಕಗಳು, ಒಂದೂ ದೇವರ ಚಿತ್ರ ಇಲ್ಲ. ಬಿಸಿಲಿನ ಹೊತ್ತಿಗೆ ಅಲ್ಲಿರಿ. ಪ್ಯಾರಿಸ್ಸಿನಲ್ಲಿ ನೋತ್ರ್ ದಾಮ್ 2019ರ ಬೆಂಕಿಯ ನಂತರ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು, ನೋಡಿ. ಆದರೆ ಗಾಜಿಗೆ ಹತ್ತಿರದಲ್ಲೇ ಇರುವ ಸೇಂಟ್ ಶಾಪೆಲ್ ಚರ್ಚಿಗೆ ಹೋಗಲೇಬೇಕು. ಮೇಲಿನ ಮಹಡಿಯಲ್ಲಿ ಗೋಡೆಗಿಂತ ಕಿಟಕಿಯೇ ಜಾಸ್ತಿ, 15 ಕಿಟಕಿ, 1,113 ದೃಶ್ಯಗಳು. ನಿಮ್ಮ 50 ಎಂಎಂ ಕೆಲಸಕ್ಕೆ ಬರುವುದು ಅಲ್ಲಿ, ಒಂದೊಂದು ದೃಶ್ಯ ಹೆಕ್ಕಿ ತೆಗೆಯಲು.

ಚಾವಣಿಗೆ ಒಂದು ಉಪಾಯ. ಕತ್ತು ನೋಯಿಸಿಕೊಳ್ಳಬೇಡಿ. ಫೋನನ್ನು ಸರಿಯಾಗಿ ನಡುವೆ ನೆಲದ ಮೇಲೆ ಅಂಗಾತ ಇಟ್ಟು, ಸೆಲ್ಫಿ ಕ್ಯಾಮೆರಾಗೆ ಟೈಮರ್ ಹಾಕಿ ಪಕ್ಕಕ್ಕೆ ಸರಿಯಿರಿ. ಅಲ್ಲಾಡುವುದಿಲ್ಲ, ಓರೆಯಾಗುವುದಿಲ್ಲ. ಅರಳಗುಪ್ಪೆ ಕಲ್ಲೇಶ್ವರದ ಚಾವಣಿಯಲ್ಲಿ ಕುಣಿಯುವ ಶಿವ, ಸುತ್ತ ದಿಕ್ಪಾಲಕರು ಇದ್ದಾರಲ್ಲ, ಅದನ್ನು ನಾನು ತೆಗೆಯುವುದು ಹೀಗೇ. ತಿಪಟೂರು ನಿಮಗೆ ಹತ್ತಿರ, ಹೋಗಿ ಪ್ರಯತ್ನಿಸಿ ನೋಡಿ.

ಕೋಲಾರ_ಕಣ್ಣು:
ಜನ ತುಳಿಯದ ಹಾಗೆ ನೋಡಿಕೊಳ್ಳಿ ಮಾರಾಯ್ರೇ, ಅದು ಪ್ಯಾರಿಸ್ಸು. ಮತ್ತೆ ಕಲೋನ್ ಚರ್ಚಿಗೆ ದೊಡ್ಡ ಬ್ಯಾಗ್ ಬಿಡುವುದಿಲ್ಲ. ಪಕ್ಕದ ರೈಲು ನಿಲ್ದಾಣದಲ್ಲಿ ಲಾಕರ್ ಇದೆ. ಗೋಪುರ ಹತ್ತುವುದಾದರೆ 533 ಮೆಟ್ಟಿಲು, ಲಿಫ್ಟ್ ಇಲ್ಲ. ಮಧುಗಿರಿ ಹತ್ತುವವರಿಗೆ ಅದೇನು ಲೆಕ್ಕ ಬಿಡಿ.