ಚೀಟ್ ಕೋಡ್ ಹಾಕಿ ಆಡಿದರೆ ಆಟದ ರುಚಿ ಕೆಡುತ್ತದೆಯೇ?

ನಿಟುವಳ್ಳಿ_ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಆರನೇ ತರಗತಿ ಮುಗಿಸಿದ ಮಗಳಿಗೆ ಈ ಬೇಸಿಗೆ ರಜೆಯಲ್ಲಿ, ನಾನು ಓದುವ ದಿನಗಳಲ್ಲಿ ಆಡುತ್ತಿದ್ದ, ಊರು ಕಟ್ಟಿ ಸೈನ್ಯ ಬೆಳೆಸಿ ಯುದ್ಧ ಮಾಡುವ ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಆಟ ಕಲಿಸಿದೆ. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಈ ಆಟ ಶುರುವಾಗುವಾಗ ಕೈಯಲ್ಲಿರುವುದು 200 ಆಹಾರ, 200 ಮರ, 100 ಚಿನ್ನ ಮತ್ತು 200 ಕಲ್ಲು ಮಾತ್ರ. ಒಬ್ಬ ಕೆಲಸಗಾರ ಬೇಕೆಂದರೆ 50 ಆಹಾರ ಖರ್ಚಾಗುತ್ತದೆ. ಹತ್ತಿರದ ಕುರಿಗಳು ಮುಗಿಯುವಷ್ಟರಲ್ಲಿ ಯಾರಾದರೂ ಒಬ್ಬ ಕಾಡಿಗೆ ಹೋಗಿ ಹಂದಿಯನ್ನು ಕೆಣಕಿ, ಅದು ಅಟ್ಟಿಸಿಕೊಂಡು ಬರುವಾಗ ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರ್‌ವರೆಗೆ ಓಡಿಬರಬೇಕು, ಅಲ್ಲಿ ಉಳಿದವರೆಲ್ಲ ಸೇರಿ ಅದನ್ನು ಹೊಡೆಯಬೇಕು. ಹಂದಿ ಸಿಕ್ಕರೆ 340 ಆಹಾರ. ಕೆಲಸಗಾರ ದಾರಿಯಲ್ಲೇ ಸತ್ತರೆ ಮಗಳು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದಳು.

ನಂತರ ಚಿತ್ರದುರ್ಗದಿಂದ ಬಂದ ನನ್ನ ಅಕ್ಕನ ಮಗ ಅವಳಿಗೆ ಚೀಟ್ ಕೋಡುಗಳನ್ನು, ಎಂದರೆ ಟೈಪ್ ಮಾಡಿದರೆ ಕಷ್ಟಪಡದೆ ಬೇಕಾದದ್ದು ಸಿಗುವ ಗುಟ್ಟಿನ ಪದಗಳನ್ನು, ಹೇಳಿಕೊಟ್ಟು ಹೋದ. ಎಂಟರ್ ಒತ್ತಿ 'ರಾಬಿನ್ ಹುಡ್' ಎಂದು ಟೈಪ್ ಮಾಡಿದರೆ ಚಿನ್ನ, 'ಲಂಬರ್‌ಜ್ಯಾಕ್' ಎಂದರೆ ಮರ, 'ಹೌ ಡು ಯು ಟರ್ನ್ ದಿಸ್ ಆನ್' ಎಂದರೆ ಬಿಲ್ಲು ಬಾಣದ ಕಾಲದ ಕೋಟೆಯ ಮುಂದೆ ಗುಂಡು ಹಾರಿಸುವ ಮೋಟಾರು ಕಾರು ಬಂದು ನಿಲ್ಲುತ್ತದೆ. ಒಂದೆರಡು ದಿನ ಮನೆಯಲ್ಲಿ ಹಬ್ಬವೋ ಹಬ್ಬ. ಆಮೇಲೆ ಅವಳು ಆ ಆಟವನ್ನು ತೆರೆದೂ ನೋಡಿಲ್ಲ. ಕೇಳಿದರೆ "ಬೋರ್ ಆಯ್ತಪ್ಪ" ಎನ್ನುತ್ತಾಳೆ.

ಇಷ್ಟೇ ಆಗಿದ್ದರೆ ಕೋಡುಗಳಿಂದ ಆಟ ಕೆಟ್ಟಿತೆಂದು ತೀರ್ಮಾನಿಸಿ ಸುಮ್ಮನಾಗುತ್ತಿದ್ದೆ. ಆದರೆ ಅದೇ ಹುಡುಗಿ ಚೌಕದ ತುಂಡುಗಳನ್ನು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದ ಕ್ರಿಯೇಟಿವ್ ಮೋಡ್‌ನಲ್ಲಿ, ಎಂದರೆ ಕಲ್ಲು, ಮರ, ಗಾಜು ಎಲ್ಲವೂ ಬೇಕಾದಷ್ಟು ಬಿಟ್ಟಿ ಸಿಗುವ, ಹಸಿವು ಸಾವುಗಳಿಲ್ಲದ, ಹಕ್ಕಿಯಂತೆ ಹಾರಲೂ ಬರುವ ಕಡೆ, ಕಳೆದ ವರ್ಷದಿಂದ ಬೇಸರವಿಲ್ಲದೆ ಆಡುತ್ತಿದ್ದಾಳೆ. ಸದ್ಯಕ್ಕೆ ನಮ್ಮೂರಿನ ಗಾಜಿನ ಮನೆಯನ್ನು ಕಟ್ಟುತ್ತಿದ್ದಾಳೆ. ಎರಡೂ ಕಡೆ ಎಲ್ಲವೂ ಪುಕ್ಕಟೆಯೇ. ಒಂದರಲ್ಲಿ ರುಚಿ ಕೆಟ್ಟು ಇನ್ನೊಂದರಲ್ಲಿ ಕೆಡದಿರಲು ಕಾರಣವೇನು? ನಾನು ಮನೆಯಲ್ಲಿ ಕೋಡುಗಳನ್ನು ಬೇಡವೆನ್ನಬೇಕೇ?

ಹಳೇ_ಸೈಬರ್_ಸೆಂಟರ್:

ಮೇಷ್ಟ್ರೇ, ನಾನು 2003ರ ಆಸುಪಾಸಿನಿಂದ ಕೆಲವು ವರ್ಷ ವಿದ್ಯಾನಗರದಲ್ಲಿ ಸೈಬರ್ ಸೆಂಟರ್ ನಡೆಸಿದವನು. ಊರೆಲ್ಲ ಸುತ್ತುತ್ತಾ ಗೂಂಡಾಗಿರಿ ಮಾಡುವ ವೈಸ್ ಸಿಟಿ ಆಟದ ಕೋಡುಗಳನ್ನು ಹುಡುಗರು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡು ಬರುತ್ತಿದ್ದರು: ಆರೋಗ್ಯಕ್ಕೆ 'ಆಸ್ಪಿರಿನ್', ಟ್ಯಾಂಕ್‌ಗೆ 'ಪ್ಯಾಂಜರ್', ಪೊಲೀಸರು ಬೆನ್ನು ಬಿಡಲು 'ಲೀವ್ ಮಿ ಅಲೋನ್'. ಇಂಗ್ಲಿಷ್ ಪರೀಕ್ಷೆಯಲ್ಲಿ ಸ್ಪೆಲ್ಲಿಂಗ್ ತಪ್ಪುತ್ತಿದ್ದ ಹುಡುಗ 'ಪ್ರೆಶಿಯಸ್ ಪ್ರೊಟೆಕ್ಷನ್' ಎಂಬುದನ್ನು ಕೀಬೋರ್ಡ್ ನೋಡದೆ ಟೈಪ್ ಮಾಡುತ್ತಿದ್ದ. (ಅದು ದೊಡ್ಡವರ ಆಟವೆಂಬುದು ಆಗ ನನಗೂ ತಲೆಗೆ ಹೋಗಿರಲಿಲ್ಲ, ಮನೆಯವರಿಗೂ ಹೋಗಿರಲಿಲ್ಲ; ತಮ್ಮ ಮಗಳ ವಯಸ್ಸಿಗೆ ಅದು ಬೇಡ.)

ಆ ಹುಡುಗರ ಜೇಬಿನಲ್ಲಿದ್ದದ್ದು ಅರ್ಧ ಗಂಟೆಯ ದುಡ್ಡು. ಇವತ್ತು ಸೇವ್ ಮಾಡಿ ಹೋದ ಆಟದ ಮೇಲೆ ನಾಳೆ ಬೇರೆ ಯಾರೋ ಸೇವ್ ಮಾಡಿರುತ್ತಿದ್ದರು, ಅಥವಾ ಅದೇ ಸಿಸ್ಟಮ್ ಸಿಗುತ್ತಿರಲಿಲ್ಲ. ಹೀಗಿರುವಾಗ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಆಡುವ ಮಾತೇ ಇರಲಿಲ್ಲ. ಟ್ಯಾಂಕ್ ಇಳಿಸಿಕೊಂಡು ಊರೆಲ್ಲ ಸುತ್ತಿ ಎದ್ದು ಹೋಗುವುದೊಂದೇ ಉಳಿದಿದ್ದ ದಾರಿ. ಅವರ ಪಾಲಿಗೆ ಕೋಡ್ ಆಟವನ್ನು ಕೆಡಿಸಲಿಲ್ಲ, ಕೋಡ್ ಇಲ್ಲದಿದ್ದರೆ ಅವರಿಗೆ ಆಟವೇ ಸಿಗುತ್ತಿರಲಿಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಶತ್ರುವಿನ ಠಾಣೆಗೆ ಒಬ್ಬನೇ ನುಗ್ಗಿ ಗುಂಡು ಹಾರಿಸುವ ಪ್ರಾಜೆಕ್ಟ್ ಐಜಿಐ ಆಟದ ಮಾತು ಬೇರೆ. ಆ ಆಟದಲ್ಲಿ ಮಿಷನ್ನಿನ ನಡುವೆ ಸೇವ್ ಮಾಡಲು ಬರುತ್ತಿರಲಿಲ್ಲ. ಕೊನೆಯ ಗೇಟಿನ ಹತ್ತಿರ ಗುಂಡು ತಗುಲಿದರೂ ಮತ್ತೆ ಮೊದಲಿನಿಂದಲೇ ಬರಬೇಕಿತ್ತು. ಸಾವಿಲ್ಲದ ಕೋಡ್ ಹಾಕಿ ಅದನ್ನು ಮುಗಿಸಿದವರು ಬೇಗ ಮುಗಿಸಿ ಬೇಗ ಮರೆತರು. ಹಾಕದೆ ಆಡಿದವರಿಗೆ ಯಾವ ಗೋಪುರದ ಮೇಲೆ ಕಾವಲಿನವನಿದ್ದಾನೆ, ಯಾವ ಕ್ಯಾಮೆರಾ ಯಾವಾಗ ಆ ಕಡೆ ತಿರುಗುತ್ತದೆ ಎಂಬುದೆಲ್ಲ ಬಾಯಿಪಾಠವಾಗಿತ್ತು, ಅಂಥವನು ಆಡುವಾಗ ಕುರ್ಚಿಯ ಹಿಂದೆ ನೋಡಲು ಜನ ನಿಲ್ಲುತ್ತಿದ್ದರು. ಕೋಡ್ ಹಾಕಿದವನ ಹಿಂದೆ ಯಾರೂ ನಿಂತದ್ದನ್ನು ನಾನು ಕಾಣೆ.

ಒಂದು ಎಚ್ಚರಿಕೆ. ಕೆಲವು ಕೋಡುಗಳನ್ನು ಹಿಂತೆಗೆಯಲು ಬರುವುದಿಲ್ಲ. ವೈಸ್ ಸಿಟಿಯಲ್ಲಿ 'ನೋಬಡಿ ಲೈಕ್ಸ್ ಮಿ' ಹಾಕಿ ಸೇವ್ ಮಾಡಿದರೆ ದಾರಿಹೋಕರು ಕೊನೆಯವರೆಗೂ ಮೇಲೆ ಬೀಳುತ್ತಲೇ ಇರುತ್ತಾರೆ.

ಕೋಟೆನಾಡಿನ_ಟೆಸ್ಟರ್:

ಚಿತ್ರದುರ್ಗದವನು, ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಕೋಡುಗಳು ಹುಟ್ಟಿದ್ದೇ ನನ್ನಂಥವರ ಕೆಲಸಕ್ಕಾಗಿ ಎಂಬುದನ್ನು ಮೊದಲು ಹೇಳಬೇಕು. 1986ರಲ್ಲಿ ಜಪಾನಿನ ಕೊನಾಮಿ ಸಂಸ್ಥೆಯ ಕಜುಹಿಸಾ ಹಾಶಿಮೊಟೊ ಅವರು ಗ್ರೇಡಿಯಸ್ ಎಂಬ ಆಟವನ್ನು ಮನೆಯ ಟಿವಿ ಗೇಮಿಗೆ ಅಳವಡಿಸುವಾಗ, ಪರೀಕ್ಷೆಗೆ ಆಡಿ ನೋಡಲು ತಮಗೇ ಕಷ್ಟವೆನಿಸಿ, ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಎಲ್ಲ ಶಕ್ತಿಗಳೂ ಒಟ್ಟಿಗೆ ಬರುವಂತೆ ಮಾಡಿಕೊಂಡರು. ಅದು ತೆಗೆಯದೆ ಹಾಗೆಯೇ ಉಳಿದು ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಅನೇಕರು ಕ್ಯಾಸೆಟ್ ಹಾಕಿ ಆಡಿದ ಕಾಂಟ್ರಾದಲ್ಲಿ 30 ಜೀವ ಕೊಡುತ್ತಿದ್ದದ್ದೂ ಅದೇ ಕೋಡ್. 1993ರ ಡೂಮ್‌ನಲ್ಲಿ ಗುಂಡು ತಾಗದಂತೆ ಮಾಡುವ 'ಐಡಿಡಿಕ್ಯೂಡಿ' ಕೂಡ ಆಟ ಮಾಡಿದವರೇ ಇಟ್ಟದ್ದು. ಆಟದಲ್ಲಿ ಬದಲಾವಣೆ ಮಾಡುವ ಗೇಮ್ ಜೀನಿ ಎಂಬ ಸಾಧನದ ಮೇಲೆ ನಿಂಟೆಂಡೊ ಕೋರ್ಟಿಗೆ ಹೋದಾಗಲೂ 1992ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ಸಾಧನದ ಪರವಾಗಿಯೇ ತೀರ್ಪು ಕೊಟ್ಟಿತು. ಆದ್ದರಿಂದ ಒಬ್ಬರೇ ಕುಳಿತು ಕೋಡ್ ಹಾಕುವುದನ್ನು ಮೋಸವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಮೋಸ ಹೋದವರು ಯಾರಾದರೂ ಇರಬೇಕಲ್ಲ.

ಇನ್ನು ತಾವು ಕೇಳಿದ ಪ್ರಶ್ನೆ. ಏಜ್ ಆಫ್ ಎಂಪೈರ್ಸ್‌ನಲ್ಲಿ ಮೊದಲ ಯುಗದಿಂದ ಎರಡನೆಯದಕ್ಕೆ ಹೋಗಲು 500 ಆಹಾರ ಕೂಡಿಡಬೇಕು. ಈಗಿರುವ 50ನ್ನು ಇನ್ನೊಬ್ಬ ಕೆಲಸಗಾರನಿಗೆ ಹಾಕಲೇ, ಕೂಡಿಡಲೇ. ಕೆಲಸಗಾರನನ್ನು ಮರಕ್ಕೆ ಕಳಿಸಲೇ, ಹಂದಿಯ ಬೆನ್ನಿಗೆ ಬಿಡಲೇ. ಕೋಟೆ ಮೊದಲೋ, ಕುದುರೆ ಮೊದಲೋ. ಈ ತೊಳಲಾಟವನ್ನು ತೆಗೆದರೆ ಆ ಆಟದಲ್ಲಿ ಉಳಿಯುವುದು ಬಣ್ಣ ಮತ್ತು ಸದ್ದು ಮಾತ್ರ. ಕೊರತೆ ಇಲ್ಲದ ಕಡೆ ಆಯ್ಕೆಗೆ ಬೆಲೆಯಿಲ್ಲ ಎಂಬುದನ್ನು ಅರ್ಥಶಾಸ್ತ್ರದ ಮೇಷ್ಟ್ರಿಗೆ ನಾನು ಹೇಳಿಕೊಡಬೇಕಿಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ತಮ್ಮ ಮಗಳಿಗೆ ಗಾಜು ಬಿಟ್ಟಿ ಸಿಕ್ಕಿದೆ ನಿಜ, ಆದರೆ ಅವಳ ಕಷ್ಟ ಗಾಜಿನದಲ್ಲ. ಗಾಜಿನ ಮನೆಯ ಬಾಗಿದ ಚಾವಣಿಯನ್ನು ಚೌಕದ ತುಂಡುಗಳಿಂದ ಹೇಗೆ ಎಬ್ಬಿಸುವುದು, ಎಷ್ಟು ತುಂಡಿಗೆ ಒಂದು ಮೆಟ್ಟಿಲು ಒಳಕ್ಕೆ ಸರಿಸಿದರೆ ದೂರದಿಂದ ಕಮಾನಿನಂತೆ ಕಾಣುತ್ತದೆ ಎಂಬುದೇ ಅಲ್ಲಿನ ಕಷ್ಟ, ಅದಕ್ಕೆ ಯಾವ ಕೋಡೂ ಇಲ್ಲ. ಕೋಡ್ ಯಾವ ಕಷ್ಟವನ್ನು ತೆಗೆಯಿತು, ಆಡುವವರು ಆ ಕಷ್ಟಕ್ಕಾಗಿಯೇ ಬಂದಿದ್ದರೇ ಎಂದು ನೋಡಿದರೆ ರುಚಿ ಎಲ್ಲಿ ಕೆಡುತ್ತದೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ.

ತಾವು ಕೋಡುಗಳಿಗಿಂತ ಹೆಚ್ಚು ಗಮನಿಸಬೇಕಾದದ್ದು ಇನ್ನೊಂದಿದೆ. ಹಿಂದೆ ಟೈಪ್ ಮಾಡಿದರೆ ಬರುತ್ತಿದ್ದದ್ದನ್ನು ಈಗ ಮಾರುತ್ತಾರೆ. 2012ರಲ್ಲಿ ಬಂದ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಎಂಬ ಮೊಬೈಲ್ ಆಟದಲ್ಲಿ ಕಟ್ಟಡವೊಂದು ಏಳಲು ದಿನಗಟ್ಟಲೆ ಕಾಯಬೇಕು. ದುಡ್ಡು ಕೊಟ್ಟು ಜೆಮ್ ಎಂಬ ಆಟದೊಳಗಿನ ಹರಳು ಕೊಂಡರೆ ಆ ಕ್ಷಣದಲ್ಲೇ ಎದ್ದು ನಿಲ್ಲುತ್ತದೆ. ಏಜ್ ಆಫ್ ಎಂಪೈರ್ಸ್‌ನ 'ಏಜಿಸ್' ಎಂಬ ಕೋಡ್ ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ. ದುಡ್ಡು ಕೊಟ್ಟು ದಾಟುವ ಬೇಸರವನ್ನು ಆಟ ಮಾಡಿದವರೇ ಬೇಕೆಂದು ತುಂಬಿರುತ್ತಾರೆ. ನನಗೆ ಅದೇ ಹೆಚ್ಚು ಅಸಹ್ಯವೆನಿಸುತ್ತದೆ.

ಹೆಡ್‌ಶಾಟ್_ದಾವಣಗೆರೆ:

ಸರ್, ಮೇಲಿನ ಇಬ್ಬರು ಹೇಳಿದ್ದು ಒಬ್ಬರೇ ಆಡುವ ಆಟಕ್ಕೆ ಸರಿ. ನಾನು ಇಂಜಿನಿಯರಿಂಗ್ ಓದುತ್ತಾ ಕೌಂಟರ್ ಸ್ಟ್ರೈಕ್ ಮತ್ತು ಬಿಜಿಎಂಐ ಎಂಬ, ಆನ್‌ಲೈನಿನಲ್ಲಿ ಬೇರೆಯವರ ಎದುರು ಗುಂಡು ಹಾರಿಸುವ ಆಟಗಳನ್ನು ಆಡುವವನು. ಗೋಡೆಯ ಆಚೆ ನಿಂತವನು ಕಾಣುವ ವಾಲ್‌ಹ್ಯಾಕ್, ತಾನಾಗಿಯೇ ತಲೆಗೆ ಗುರಿಯಿಡುವ ಏಮ್‌ಬಾಟ್ ಇವುಗಳನ್ನು ಆಟ ಮಾಡಿದವರು ಇಟ್ಟಿರುವುದಿಲ್ಲ, ಹೊರಗಿನವರು ಮಾರುತ್ತಾರೆ. ಅಲ್ಲಿ ಮಜಾ ಕೆಡುವುದು ಹಾಕಿದವನಿಗಲ್ಲ, ಎದುರಿಗಿರುವ ಎಲ್ಲರಿಗೂ. 2018ರ ಅಕ್ಟೋಬರ್‌ನಲ್ಲಿ ಶಾಂಘೈಯ ಟೂರ್ನಿಯೊಂದರಲ್ಲಿ ನಮ್ಮ ದೇಶದ ತಂಡದ ಆಟಗಾರನೊಬ್ಬ ಪಂದ್ಯದ ನಡುವೆಯೇ ಇಂಥ ಪ್ರೋಗ್ರಾಂ ಸಮೇತ ಸಿಕ್ಕಿಬಿದ್ದ. ಅದನ್ನು ಅವನು 'ವರ್ಡ್' ಎಂಬ ಹೆಸರಿನ ಫೈಲಿನಲ್ಲಿ ಅಡಗಿಸಿಟ್ಟಿದ್ದ. ತಂಡವನ್ನು ಹೊರಹಾಕಿದರು, ತಂಡವನ್ನು ನಡೆಸುತ್ತಿದ್ದ ಸಂಸ್ಥೆ ಭಾರತದ ತಂಡವನ್ನೇ ಮುಚ್ಚಿತು, ಅವನ ಮೇಲೆ 5 ವರ್ಷ ನಿಷೇಧ ಬಂತು. ಏನೂ ತಪ್ಪು ಮಾಡದ ಉಳಿದ ಆಟಗಾರರು ಬೀದಿಗೆ ಬಿದ್ದರು. ಅದಾದ ಮೇಲೆ ಹೊರದೇಶದ ಸರ್ವರ್‌ಗಳಲ್ಲಿ ಭಾರತದವನೆಂದು ಗೊತ್ತಾದರೆ ಸಾಕು, ಆ ಫೈಲಿನ ಹೆಸರು ಹಿಡಿದು ಗೇಲಿ ಮಾಡುತ್ತಾರೆ.

ಮೊಬೈಲಿಗೆ ಯಾರೋ ಟೆಲಿಗ್ರಾಂನಲ್ಲಿ ಹಂಚುವ ಹ್ಯಾಕ್ ಎಪಿಕೆಗಳನ್ನು (ಆಟದಲ್ಲಿ ಮೋಸ ಮಾಡಲು ಹಾಕಿಕೊಳ್ಳುವ ಆ್ಯಪ್ ಫೈಲುಗಳನ್ನು) ದಯವಿಟ್ಟು ಮನೆಗೆ ಬಿಟ್ಟುಕೊಳ್ಳಬೇಡಿ, ಅದೇ ಮೊಬೈಲಿನಲ್ಲಿ ತಮ್ಮ ಬ್ಯಾಂಕೂ ಇರುತ್ತದೆ.

ಜೋಗಿಮಟ್ಟಿ_ಅಕ್ಕ:

ಆಟದ ರುಚಿ ಕೆಟ್ಟಿತು ಎಂದು ಎಲ್ಲರೂ ಒಪ್ಪಿಕೊಂಡೇ ಮಾತನಾಡುತ್ತಿದ್ದೀರಿ; ನನಗೆ ಅದರಲ್ಲೇ ಅನುಮಾನವಿದೆ. ಮೇಷ್ಟ್ರ ಮಗಳು ಒಂದು ಆಟವನ್ನು ಬಿಟ್ಟು ತನಗೆ ಹೆಚ್ಚು ಹಿಡಿಸಿದ ಇನ್ನೊಂದನ್ನು ಆಡುತ್ತಿದ್ದಾಳೆ, ಅಷ್ಟೇ ತಾನೇ? ಅಪ್ಪನಿಗೆ ಇಷ್ಟವಾಗಿದ್ದ ಆಟವನ್ನು ಬಿಟ್ಟಳೆಂಬ ಬೇಸರವೂ ಈ ಪ್ರಶ್ನೆಯಲ್ಲಿ ಸ್ವಲ್ಪ ಬೆರೆತಿದೆ ಎಂದರೆ ಮೇಷ್ಟ್ರು ತಪ್ಪು ತಿಳಿಯಬಾರದು.

ನನ್ನ ತಮ್ಮನಿಗೆ ಅಪಘಾತದ ನಂತರ ಬಲಗೈ ಬೆರಳುಗಳು ಬೇಗ ಬೇಗ ಆಡುವುದಿಲ್ಲ. 2018ರಲ್ಲಿ ಬಂದ ಸೆಲೆಸ್ಟ್ ಎಂಬ ಆಟ, ಬೆಟ್ಟ ಹತ್ತುವುದು, ಕ್ಷಣ ತಪ್ಪಿದರೆ ಮುಳ್ಳಿನ ಮೇಲೆ ಬೀಳುವುದು. ಕೈ ನೆಟ್ಟಗಿರುವ ನನಗೇ ಅದು ಆಗಲಿಲ್ಲ. ಅದರಲ್ಲಿ ಅಸಿಸ್ಟ್ ಮೋಡ್ ಎಂದಿದೆ. ಆಟದ ವೇಗವನ್ನು ಅರ್ಧದವರೆಗೆ ಇಳಿಸಬಹುದು, ಗೋಡೆ ಹಿಡಿದವನ ಕೈ ಸೋಲದಂತೆ ಮಾಡಬಹುದು. ನನ್ನ ತಮ್ಮ ಆಟದ ವೇಗವನ್ನಷ್ಟೇ ಇಳಿಸಿದ, ಉಳಿದದ್ದನ್ನು ಮುಟ್ಟಲಿಲ್ಲ, ಬಿದ್ದು ಎದ್ದು ಕೊನೆಯವರೆಗೆ ಹತ್ತಿದ. ಅವನು ಆಡಿದ್ದು ಆಟವಲ್ಲ ಎಂದು ಯಾರಾದರೂ ನನ್ನೆದುರು ಹೇಳಲಿ ನೋಡೋಣ.

ನಾವು ಓಣಿಯಲ್ಲಿ ಆಡುವಾಗ ಚಿಕ್ಕ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದೆವು. ಔಟಾದರೂ ಆ ಮಗು ಓಡುತ್ತಲೇ ಇರುತ್ತಿತ್ತು, ಯಾರಿಗೂ ತಕರಾರಿರಲಿಲ್ಲ, ಏಕೆಂದರೆ ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಶಾಂಘೈಯಲ್ಲಿ ಸಿಕ್ಕಿಬಿದ್ದ ಹುಡುಗ ಲೆಕ್ಕಕ್ಕೂ ಇರಬೇಕೆಂದ, ಔಟೂ ಆಗಬಾರದೆಂದ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಿಟುವಳ್ಳಿ_ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಅಕ್ಕನವರ ಮಾತು ನಾಟಿತು, ತಪ್ಪು ತಿಳಿದಿಲ್ಲ. ಟೆಸ್ಟರ್ ಅವರು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಚಾವಣಿಯ ವಿಷಯ ನಿಜವೆಂದು ಒಪ್ಪಿ, ಎರಡು ಸಲ ಕೆಡವಿ ಕಟ್ಟಿದ್ದನ್ನು ತೋರಿಸಿದಳು. ಆಮೇಲೆ ಒಂದು ಪ್ರಶ್ನೆ ಹಾಕಿದಳು: "ಎದುರಾಳಿ ಕಂಪ್ಯೂಟರ್ ನಮಗೆ ಕಾಣದಂತೆ ಕೋಡ್ ಹಾಕುವುದಿಲ್ಲ ಎಂದು ನಿನಗೆ ಹೇಗೆ ಗೊತ್ತಪ್ಪ?" ನನ್ನ ಬಳಿ ಉತ್ತರವಿರಲಿಲ್ಲ.

ಕೋಟೆನಾಡಿನ_ಟೆಸ್ಟರ್:

ಹುಡುಗಿ ಸರಿಯಾದ ಕಡೆಗೇ ಕೈ ಹಾಕಿದ್ದಾಳೆ. ಅನೇಕ ಆಟಗಳಲ್ಲಿ ಕಂಪ್ಯೂಟರಿಗೆ ನಿಜವಾಗಿಯೂ ಹೆಚ್ಚುವರಿ ಕೊಟ್ಟಿರುತ್ತಾರೆ. ಸಿವಿಲೈಸೇಶನ್ 6ರ ಅತಿ ಕಠಿಣ ಹಂತದಲ್ಲಿ ನಮಗೆ ಊರು ಕಟ್ಟುವ ತಂಡ ಒಂದಿದ್ದರೆ ಅದಕ್ಕೆ ಮೊದಲೇ ಮೂರು. ಏಜ್ ಆಫ್ ಎಂಪೈರ್ಸ್ 2ರ 2019ರ ಹೊಸ ಆವೃತ್ತಿಯಲ್ಲಿ ಮಾತ್ರ ಕಂಪ್ಯೂಟರ್ ಬಿಟ್ಟಿ ಸಾಮಗ್ರಿ ತೆಗೆದುಕೊಳ್ಳದೆ ಆಡುತ್ತದೆ, ಅದಕ್ಕೇ ಅದರ ಆಟ ನೋಡಿ ಕಲಿಯಲೂಬಹುದು.

ಬೇಡವೆನ್ನುವ ಬದಲು ಹೀಗೆ ಮಾಡಿ. ಆಟ ಶುರುವಾಗುವ ಮುಂಚಿನ ಸೆಟ್ಟಿಂಗ್‌ನಲ್ಲೇ ಆರಂಭದ ಸಾಮಗ್ರಿಯನ್ನು ಹೆಚ್ಚಿಸಲು ಬರುತ್ತದೆ, ಅದು ಎರಡೂ ಕಡೆಗೆ ಸಮನಾಗಿ ಸಿಗುತ್ತದೆ. ಕಾಯುವ ಬೇಸರ ತಪ್ಪಿ ಲೆಕ್ಕಾಚಾರ ಉಳಿಯುತ್ತದೆ. ಇಲ್ಲವಾದರೆ ಮನೆಯ ಎರಡು ಕಂಪ್ಯೂಟರುಗಳನ್ನು ಜೋಡಿಸಿ ಅಪ್ಪ ಮಗಳು ಎದುರುಬದುರಾಗಿ ಆಡಿ. ಅಲ್ಲಿ ಚೀಟ್‌ಗೆ ಅನುಮತಿ ಕೊಡುವ ಟಿಕ್ ಗುರುತು ಬೇರೆಯಾಗಿಯೇ ಇರುತ್ತದೆ, ಹಾಕದಿದ್ದರೆ ಕೋಡುಗಳು ನಡೆಯುವುದಿಲ್ಲ. ಹಾಕಲೇಬೇಕೆಂದು ಅವಳು ಹಟ ಹಿಡಿದರೆ ಹಾಕಿಬಿಡಿ. ಕಾರಿನ ಕೋಡ್ ಹೇಗಿದ್ದರೂ ತಮಗೂ ಗೊತ್ತಾಗಿದೆ.